ಬಟ್ಟಲಿನ ಸದ್ದಿಗೆ ಮಾತ್ರ ಉಣ್ಣುವ ನಾಯಿ

ದಾಯ್ ನದಿಯ ದಡದ ನಮ್ಮ ಓಣಿಯಲ್ಲಿ ಯಾರಾದರೂ ಪಟ್ಟು ಹಿಡಿದು ಕೂತರೆ, "ಇವಳೊಬ್ಬಳು ಮಿಯೆನ್ ಹುಟ್ಟಿಕೊಂಡಳು" ಎನ್ನುತ್ತಾರೆ. ಮಿಯೆನ್ ತೋಫು ಮಾಡಿ ಮಾರುವವಳು. ವಯಸ್ಸು ಐವತ್ಮೂರು. ಗಂಡ ತೊವಾನ್ ತೀರಿಕೊಂಡು ಒಂಬತ್ತು ವರ್ಷವಾಯಿತು, ಮಗಳು ಮದುವೆಯಾಗಿ ನದಿಯಾಚೆ ಇದ್ದಾಳೆ. ನೆನೆದ ಸೋಯಾ ಕಾಳು ರುಬ್ಬಿ, ಹಾಲು ಕಾಯಿಸಿ ಒಡೆಸಿ, ಬಟ್ಟೆಯಲ್ಲಿ ಕಟ್ಟಿ ಮೇಲೆ ಕಲ್ಲು ಹೇರಿ, ಬೆಳಿಗ್ಗೆ ಒಂಬತ್ತರೊಳಗೆ ಸಂತೆಯಲ್ಲಿ ಎಲ್ಲ ಮಾರಿ ಮುಗಿಸುತ್ತಾಳೆ. ಮೆತ್ತಗಿದೆಯೇ ಎಂದು ಯಾರಾದರೂ ಅವಳ ತೋಫುವನ್ನು ಬೆರಳಿಂದ ಚುಚ್ಚಿದರೆ ಮುಗಿಯಿತು, ಚುಚ್ಚಿದ್ದನ್ನು ಅವರೇ ಕೊಂಡುಕೊಳ್ಳಬೇಕು. ಮೇಷ್ಟ್ರೇ ಇರಲಿ, ಪೊಲೀಸಿನವನೇ ಇರಲಿ, ಅವಳಿಗೆ ಎಲ್ಲರೂ ಒಂದೇ.

ಇಂಥ ಹೆಂಗಸು ಒಂದೇ ಒಂದು ಸಲ ಸೋತಿದ್ದಳು. ಅದು ಮುಕ್ ಎಂಬ ಅವಳ ಕರಿನಾಯಿ ಸತ್ತ ದಿನ.

ಹೊಸವರ್ಷದ ತೇತ್ ಹಬ್ಬಕ್ಕೆ ಮುಂಚಿನ ತಿಂಗಳು ನಮ್ಮಲ್ಲಿ ಕಳ್ಳರಿಗೂ ಸುಗ್ಗಿ. ಮುಕ್ ಎಲ್ಲರಿಗೂ ಬೇಕಾದ ನಾಯಿ. ಯಾರು ಏನು ಕೊಟ್ಟರೂ ಬಾಲ ಅಲ್ಲಾಡಿಸಿ ತಿನ್ನುತ್ತಿತ್ತು. ಅಂದು ಕಳ್ಳರು ಕೊಟ್ಟ ಮಾಂಸದ ತುಂಡನ್ನೂ ಹಾಗೇ ತಿಂದಿತು. ಮಿಯೆನ್ ಸಂತೆಯಿಂದ ಬಂದಾಗ ಮನೆಯಲ್ಲಿ ಸೈಕಲ್ಲೂ ಇರಲಿಲ್ಲ, ಗ್ಯಾಸ್ ಸಿಲಿಂಡರೂ ಇರಲಿಲ್ಲ. ಹೊಸ್ತಿಲಲ್ಲಿ ಮುಕ್ ನೊರೆ ಕಾರುತ್ತಾ ಬಿದ್ದಿತ್ತು. ವಿಷಕ್ಕೆ ಮದ್ದೆಂದು ಹೆಸರುಕಾಳು ಅರೆದು ನೀರಿನಲ್ಲಿ ಕದಡಿ ಗಂಟಲಿಗೆ ಹೊಯ್ದಳು. ಅವಳ ದನಿ ಕೇಳಿ ಅದು ಎರಡು ಸಲ ಬಾಲ ಆಡಿಸಿ ಸತ್ತುಹೋಯಿತು.

"ಇನ್ನೊಂದು ಮರಿ ತಂದ್ರಾಯ್ತು ಬಿಡಮ್ಮ, ನಾಯಿಗೇನು ಬರವಾ?" ಎಂದ ಗಂಡನ ಅಣ್ಣ ಬಾಂಗ್.

ಮಿಯೆನಳ ಸಿಟ್ಟು ಕಳ್ಳರ ಮೇಲೆ ಎಷ್ಟಿತ್ತೋ ತನ್ನ ಮೇಲೂ ಅಷ್ಟೇ ಇತ್ತು. ಕಂಡವರ ಕೈಯಲ್ಲಿ ತಿನ್ನುವುದನ್ನು ಅದಕ್ಕೆ ಕಲಿಸಿದವಳು ತಾನೇ ಅಲ್ಲವೇ? ನಾಯಿ ಒಳ್ಳೆಯದು ಎಂದು ಊರು ಹೊಗಳಲಿ ಎಂಬ ಚಪಲಕ್ಕೆ ಅದರ ಜೀವ ಹೋಯಿತು ಎಂದು ಅವಳಿಗೆ ಅನ್ನಿಸಿಬಿಟ್ಟಿತ್ತು.

ಎರಡು ತಿಂಗಳಾದ ಮೇಲೆ ಕಂದು ಮೈಗೆ ಕಪ್ಪು ಪಟ್ಟೆಯ ಒಂದು ಮರಿ ತಾನಾಗಿ ಅವಳ ಅಂಗಳಕ್ಕೆ ಬಂತು. ಬೆಕ್ಕು ಬಂದರೆ ಬಡತನ, ನಾಯಿ ಬಂದರೆ ಭಾಗ್ಯ ಎನ್ನುತ್ತಾರೆ ನಮ್ಮಲ್ಲಿ. ಮಿಯೆನ್ ಅದಕ್ಕೆ ವೆನ್ ಎಂದು ಹೆಸರಿಟ್ಟಳು. ಮೂಲೆಯಲ್ಲಿ ಬಿದ್ದಿದ್ದ ನೆಗ್ಗಿದ ಅಲ್ಯುಮಿನಿಯಂ ಬಟ್ಟಲು ತಂದು ಚಮಚದಿಂದ ಮೂರು ಸಲ ತಟ್ಟಿ, "ಈ ಸದ್ದಾದ್ರೆ ಊಟ. ಇಲ್ಲದಿದ್ರೆ ಇಂದ್ರಲೋಕದಿಂದ ಬಂದ್ರೂ ಊಟ ಅಲ್ಲ. ತಿಳೀತಾ?" ಎಂದಳು.

ಮರಿಗೇನು ತಿಳಿಯುತ್ತದೆ? ತಿಳಿಸಲು ಹಂದಿಯ ಕಹಿ ಪಿತ್ತ ಬೇಕಾಯಿತು. ಮೀನಿನ ತಲೆಗೆ, ಕೋಳಿಯ ಕತ್ತಿಗೆ ಪಿತ್ತ ಸವರಿ ಓಣಿಯವರ ಕೈಗೆ ಕೊಟ್ಟು, ಹೋಗುತ್ತಾ ಬರುತ್ತಾ ಅಂಗಳಕ್ಕೆ ಎಸೆಯಿರಿ ಎಂದಳು. ಮರಿ ಓಡಿಬಂದು ಬಾಯಿ ಹಾಕುವುದು, ಥೂ ಎಂದು ಉಗುಳುವುದು. ಅಷ್ಟರಲ್ಲಿ ಒಳಗೆ ಬಟ್ಟಲು ತಟ್ಟುವುದು, ಅಲ್ಲಿ ಬಿಸಿ ಅನ್ನ, ಸೋಯಾ ಹಿಂಡಿ, ಒಂದು ತುಣುಕು ಮೀನು. ಮೂರು ತಟ್ಟಿದ ಮೇಲೆ ಬಟ್ಟಲು ಖಾಲಿ ಇದ್ದದ್ದು ಒಮ್ಮೆಯೂ ಇಲ್ಲ. ಜ್ವರ ಬಂದು ಮಲಗಿದ ದಿನವೂ ಅವಳು ಗೋಡೆ ಹಿಡಿದುಕೊಂಡು ಎದ್ದು ಬಟ್ಟಲು ತುಂಬಿಸಿಯೇ ತಟ್ಟಿದವಳು.

ಪಕ್ಕದ ಮನೆಯ ಲುವಾಗೆ ಈ ಕೆಲಸ ಸಾಕಾಗಿಹೋಗಿತ್ತು. "ಅಲ್ಲಕ್ಕಾ, ನಾಯೀನ ಏನು ಮಂತ್ರಿ ಮಾಡ್ತೀಯಾ? ಈಗ ಅದು ನನ್ನ ಮುಖ ಕಂಡ್ರೇನೇ ಉಗುಳುತ್ತೆ."

"ಉಗುಳ್ಲಿ. ನಿನ್ನ ಕಂಡು ಉಗುಳಿದ್ರೆ ಕಳ್ಳನ್ನ ಕಂಡೂ ಉಗುಳುತ್ತೆ."

"ನನ್ನನ್ನೂ ಕಳ್ಳನ್ನೂ ಒಂದೇ ತಕ್ಕಡೀಲಿ ಇಟ್ಬಿಟ್ಟೆಯಲ್ಲಕ್ಕಾ!"

"ಆರು ತಿಂಗ್ಳು ಅಷ್ಟೇ. ಆಮೇಲೆ ಇಳಿಸ್ತೀನಿ."

ಆರು ತಿಂಗಳು ಎಂದದ್ದು ಹದಿನಾಲ್ಕು ತಿಂಗಳಾಯಿತು. ಆದರೆ ವೆನ್ ಕಲಿತುಕೊಂಡಿತು.

ತೊವಾನನ ತಿಥಿಯ ಊಟದ ದಿನ ಅದು ಎಲ್ಲರಿಗೂ ಗೊತ್ತಾಯಿತು. ಚಾಪೆಯ ಮೇಲೆ ಕೂತು ಉಣ್ಣುವಾಗ ಮೂಳೆಯನ್ನು ನಾಯಿಗೆ ಎಸೆಯುವುದು ನಮ್ಮಲ್ಲಿ ಲಾಗಾಯ್ತಿನಿಂದ ಬಂದದ್ದು. ಬಾಂಗ್ ದೊಡ್ಡ ಪಕ್ಕೆಲುಬೊಂದನ್ನು ಅರ್ಧ ಮಾಂಸ ಬಿಟ್ಟು ವೆನ್ ಮುಂದೆ ಹಾಕಿದ. ಮನೆತನದ ಹಿರಿಯ ಪ್ರೀತಿಯಿಂದ ಕೊಟ್ಟದ್ದು. ವೆನ್ ಅದನ್ನು ನೋಡಿತು, ಬಾಂಗನನ್ನು ನೋಡಿತು, ಮುಖ ಆ ಕಡೆ ತಿರುಗಿಸಿತು. ಬಾಂಗನ ಹಿಂದೆಯೇ ಸದಾ ಸುತ್ತುವ ಅವನ ಚುಕ್ಕಿನಾಯಿ ದೋಮ್ ನುಗ್ಗಿ ಮೂಳೆಯನ್ನು ಎತ್ತಿಕೊಂಡು ಓಡಿತು. ಊಟಕ್ಕೆ ಕೂತವರು ನಕ್ಕರು, ಬಾಂಗನ ಮುಖ ಕೆಂಪಾಯಿತು.

"ಏನಮ್ಮಾ ಮಿಯೆನ್, ನನ್ನ ಕೈಯಲ್ಲಿ ವಿಷ ಇದೆಯಾ?"

"ನಿಮ್ಮ ಕೈಯಲ್ಲಿಲ್ಲ ಭಾವ. ಆದ್ರೆ ಯಾವ ಕೈಯಲ್ಲಿದೆ ಅಂತ ನಾಯಿಗೆ ಹೇಗೆ ಗೊತ್ತಾಗ್ಬೇಕು?"

"ನಾಯೀನ ಸಿಂಹಾಸನದ ಮೇಲೆ ಕೂರಿಸ್ತಿದೀಯ ನೀನು. ನೋಡ್ತಿರು, ಒಂದಿನ ಹೊಲಸು ಕಂಡು ಇಳಿದು ಓಡುತ್ತೆ."

"ಓಡಿದ ದಿನ ಬಂದು ಹೇಳಿ ಭಾವ, ಒಪ್ಕೋತೀನಿ."

ಅದಾದ ಮೇಲೆ ಬಾಂಗ್ ವರ್ಷದವರೆಗೆ ಅವಳ ಮನೆಯ ತೋಫು ತಿನ್ನಲಿಲ್ಲ. ತೀರಿಕೊಂಡ ಹಿರಿಯರಿಗೆ ಧೂಪ ಹಚ್ಚಿ ಕೈಮುಗಿಯುವ ಪೀಠದ ಮೇಲಿನ ಕಂಚಿನ ಸಾಮಾನು ಅವಳ ಮನೆಯಲ್ಲಿರುವುದು ಅವನಿಗೆ ಮೊದಲೇ ಇಷ್ಟವಿರಲಿಲ್ಲ. ಒಂದು ಧೂಪದ ಪಾತ್ರೆ, ಕೊಕ್ಕರೆಯ ಆಕಾರದ ಎರಡು ದೀಪಗಂಬ, ಇಷ್ಟೇ. ಆದರೆ ಯುದ್ಧದ ಕಾಲದಲ್ಲಿ ಅವರಪ್ಪ ಅದನ್ನು ಕೆರೆಯ ಕೆಸರಲ್ಲಿ ಹೂತಿಟ್ಟು ಉಳಿಸಿದ್ದ. ಮುದಿ ಅತ್ತೆಯನ್ನು ಕೊನೆಯವರೆಗೆ ನೋಡಿಕೊಂಡವಳು ಮಿಯೆನ್ ಆದ್ದರಿಂದ ಅತ್ತೆ ಅದನ್ನು ಇವಳಿಗೇ ಬಿಟ್ಟುಹೋಗಿದ್ದಳು.

ವೆನ್ ಬಂದ ಮೂರನೆಯ ವರ್ಷ, ತೇತ್ ಹಬ್ಬಕ್ಕೆ ಇನ್ನು ಹನ್ನೆರಡು ದಿನ. ಮಧ್ಯಾಹ್ನದ ನಿದ್ದೆಯ ಹೊತ್ತು. ಆ ಹೊತ್ತಿನಲ್ಲಿ ನಮ್ಮ ಓಣಿಯಲ್ಲಿ ಕೋಳಿಗಳೂ ಕೂಗುವುದಿಲ್ಲ. ಮಿಯೆನ್ ಹಿಂದಿನ ತೋಫು ಕೋಣೆಯಲ್ಲಿ ಬಟ್ಟೆ ಒಗೆಯುತ್ತಿದ್ದಳು. ಅಂಗಳದಲ್ಲಿ ವೆನ್ ಗುರ್ ಎಂದಿತು. ಕಿಟಕಿಯ ಸಂದಿಯಿಂದ ನೋಡಿದರೆ ಕಾಂಪೌಂಡಿನ ಮೇಲೆ ಒಬ್ಬ ಕೂತಿದ್ದಾನೆ. ತಲೆಗೆ ಹೆಲ್ಮೆಟ್, ಮುಖಕ್ಕೆ ಬಟ್ಟೆ. ಗೋಡೆಯಾಚೆ ಇನ್ನೊಬ್ಬನ ಬೈಕು ಗುರುಗುಟ್ಟುತ್ತಿತ್ತು.

ಮೇಲಿದ್ದವನು ಹುರಿದ ಹಂದಿಮಾಂಸದ ತುಂಡೊಂದನ್ನು ಎಸೆದ. ವೆನ್ ಮೂಸಿತು. ಬಾಂಗನ ಪಕ್ಕೆಲುಬಿಗೆ ತಿರುಗಿಸಿದ ಹಾಗೆಯೇ ವೆನ್ ಮುಖ ತಿರುಗಿಸಿತು. ಅವನು ಇನ್ನೊಂದು ತುಂಡು ಎಸೆದ. ಅದು ಉರುಳಿ ಎಲ್ಲಿಗೋ ಹೋಯಿತು. ವೆನ್ ಅತ್ತ ನೋಡಲೂ ಇಲ್ಲ. 'ಭೇಷ್ ನನ್ನಪ್ಪ' ಎಂದು ಅವಳ ಕಣ್ಣಲ್ಲಿ ನೀರು ಬಂತು.

ಆದರೆ ತಿನ್ನದ ನಾಯಿ ಕಾದಾಡುತ್ತದೆ. ಈ ಲೆಕ್ಕ ಅವಳ ತಲೆಗೆ ಹೊಳೆದೇ ಇರಲಿಲ್ಲ. ವೆನ್ ಹಲ್ಲು ಕಿರಿದು ಮೈ ಬಿಗಿದು ನಿಂತಿತು. ಅವನು ಅಂಗಳಕ್ಕೆ ಇಳಿದು, ಸೊಂಟದಿಂದ ತುದಿಗೆ ತಂತಿ ಸುತ್ತಿದ ಕರೆಂಟಿನ ಕೋಲು ತೆಗೆದ. ಚಟಚಟ ಎಂಬ ಸದ್ದು ಅವಳಿಗೂ ಕೇಳಿತು. ಆ ಕೋಲು ತಗುಲಿದ ನಾಯಿ ಮತ್ತೆ ಏಳುವುದಿಲ್ಲ ಎಂದು ನಮ್ಮ ಕಡೆ ಚಿಕ್ಕ ಮಕ್ಕಳಿಗೂ ಗೊತ್ತು.

ಕೂಗಿದರೆ ಓಣಿ ಏಳುತ್ತಿತ್ತು, ನಿಜ. ಆದರೆ ಅವಳ ಕೂಗು ಮೊದಲು ವೆನ್ ಕಿವಿಗೆ ಬೀಳುತ್ತಿತ್ತು. ಒಡತಿಗೆ ಅಪಾಯ ಎಂದು ಅದು ನೇರ ಆ ಕೋಲಿಗೇ ಹಾರುತ್ತಿತ್ತು. ಮಿಯೆನ್ ಕೂಗಲಿಲ್ಲ. ಬಟ್ಟಲು ಎತ್ತಿ ಮೂರು ತಟ್ಟಿದಳು.

ವೆನ್ ಕಿವಿ ಹಿಂದಕ್ಕೆ ತಿರುಗಿತು, ಕಣ್ಣು ಕಳ್ಳನ ಮೇಲೇ ಇತ್ತು. ಮತ್ತೆ ಮೂರು ತಟ್ಟಿದಳು. ವೆನ್ ತಿರುಗಿ ಓಡಿಬಂತು. ಅದು ಒಳಗೆ ಕಾಲಿಟ್ಟದ್ದೇ ತಡ, ಕಬ್ಬಿಣದ ಬಾಗಿಲೆಳೆದು ಅಗುಳಿ ಜಡಿದಳು.

ಹೊರಗೆ ಪೀಠದ ಕೋಣೆಯಲ್ಲಿ ಕಂಚು ಕಲ್ಲಿಗೆ ತಾಗಿದ ಸದ್ದಾಯಿತು. ಪ್ರತಿ ತೇತ್ ಹಬ್ಬಕ್ಕೂ ಆ ಕೊಕ್ಕರೆಗಳ ಕೊಕ್ಕನ್ನು ಬೂದಿ ಹಾಕಿ ತಿಕ್ಕಿ ಬೆಳಗಿದವಳು ಅವಳೇ. ಆದರೆ ಎದುರಿಗೆ ವೆನ್ ನಾಲಿಗೆ ಚಾಚಿ ಬಟ್ಟಲನ್ನು ನೋಡುತ್ತಾ ಕೂತಿತ್ತು. ಬಟ್ಟಲು ಖಾಲಿ ಇತ್ತು. ಮಿಯೆನ್ ತನ್ನ ಊಟಕ್ಕೆಂದು ಹಲಗೆಯ ಮೇಲೆ ಉಳಿಸಿಟ್ಟಿದ್ದ ತೋಫುವಿನ ದೊಡ್ಡ ತುಂಡು ಮುರಿದು ಬಟ್ಟಲಿಗೆ ಹಾಕಿದಳು. ಅದು ತಿನ್ನಲು ಶುರು ಮಾಡಿದ ಮೇಲೆ ಸ್ಟೂಲು ಹತ್ತಿ, ಮೇಲಿನ ಗವಾಕ್ಷಿಗೆ ಬಾಯಿಟ್ಟು, ಓಣಿ ಹಾರಿಬೀಳುವಂತೆ ಕೂಗಿದಳು.

ಓಣಿ ಎದ್ದು ಬರುವಷ್ಟರಲ್ಲಿ ಬೈಕು ನದಿಯ ಒಡ್ಡು ದಾಟಿತ್ತು. ಲುವಾಳ ಗಂಡ ದೊಣ್ಣೆ ಹಿಡಿದು ಖಾಲಿ ರಸ್ತೆಗೆ ಬೈದು ಬಂದ. ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕುವುದರಲ್ಲಿ ನಮ್ಮವರು ನಿಸ್ಸೀಮರು.

ಮಿಯೆನ್ ವೆನ್‌ನನ್ನು ಒಳಗೇ ಕೂಡಿಹಾಕಿ, ಪೊರಕೆ ಹಿಡಿದು ಅಂಗಳಕ್ಕೆ ಬಂದಳು. ಎಸೆದದ್ದು ಎರಡು ತುಂಡು ಎಂದು ಅವಳೇ ಕಣ್ಣಾರೆ ಕಂಡಿದ್ದಳು. ಒಂದು ಮೆಟ್ಟಿಲ ಬಳಿ ಸಿಕ್ಕಿತು. ಅದನ್ನು ಪ್ಲಾಸ್ಟಿಕ್ ಚೀಲಕ್ಕೆ ಹಾಕಿ ಗಂಟು ಕಟ್ಟಿದಳು. ಇನ್ನೊಂದು ಎಲ್ಲೂ ಕಾಣಲಿಲ್ಲ.

ಅಷ್ಟರಲ್ಲಿ ಬಾಂಗ್ ಬಂದ. ಸುದ್ದಿ ದಾರಿಯಲ್ಲೇ ಅವನನ್ನು ಮುಟ್ಟಿತ್ತು.

"ಹೋಯ್ತಾ? ಅಪ್ಪನ ಕಂಚು ಹೋಯ್ತಾ?"

"ಹೋಯ್ತು ಭಾವ." ಮಿಯೆನ್ ತಲೆ ಎತ್ತಲಿಲ್ಲ. ಸೋಯಾ ಮೂಟೆಗಳ ಕೆಳಗೆ ಪೊರಕೆ ಆಡಿಸುತ್ತಿದ್ದಳು.

"ನೀನು ಮನೇಲೇ ಇದ್ದೆಯಂತೆ. ಕಣ್ಣಾರೆ ಕಂಡೆಯಂತೆ. ಮತ್ತೆ ಕೂಗೋಕೆ ಬಾಯಿಗೆ ಏನಾಗಿತ್ತು?"

"ಕೂಗಿದೆ. ನಾಯೀನ ಒಳಗೆ ಹಾಕಿ ಆಮೇಲೆ ಕೂಗಿದೆ."

"ಬರೀ ಒಳಗೆ ಹಾಕಿದ್ದಲ್ಲಾರೀ, ತೋಫು ಕೊಟ್ಟು ಆಮೇಲೆ ಕೂಗಿದ್ದು. ನನಗೆ ಅಕ್ಕಾನೇ ಹೇಳಿದ್ಲು," ಎಂದಳು ಬಾಗಿಲಲ್ಲಿದ್ದ ಲುವಾ. ಹೇಳಬಾರದಿತ್ತು ಎಂದು ಆಮೇಲೆ ನಾಲಿಗೆ ಕಚ್ಚಿಕೊಂಡಳು.

ಬಾಂಗ್ ಮಿಯೆನಳ ಕಡೆ ತಿರುಗಿದ. "ತೋಫು... ಕಳ್ಳ ನಮ್ಮ ಹಿರೀಕರನ್ನ ಗೋಣೀಲಿ ತುಂಬ್ತಿದ್ದಾಗ ನೀನು ನಾಯಿಗೆ ಊಟ ಬಡಿಸ್ತಿದ್ಯಾ?"

"ತಟ್ಟಿ ಕರೆದಿದ್ದೆ ಭಾವ. ಒಂದ್ಸಲ ಖಾಲಿ ಬಟ್ಟಲು ತೋರಿಸಿದ್ರೆ ಮುಂದಿನ ಸಲ ಅದು ಯಾಕೆ ಬರುತ್ತೆ? ಮುಂದಿನ ಸಲಾನೂ ಕಳ್ಳರು ಬರ್ತಾರೆ."

"ಥೂ! ಬಾಂಬು ಬೀಳ್ತಿದ್ದಾಗ ಎದೆಮಟ್ಟ ಕೆಸರಲ್ಲಿ ನಿಂತು ಅಪ್ಪ ಉಳಿಸಿದ್ದು ಅದನ್ನ! ಒಂದು ನಾಯಿಗೋಸ್ಕರ ಕಳ್ಕೊಂಡೆ. ನಾನು ಇಲ್ಲಿ ಹಿರೀಕರ ಮಾತಾಡ್ತಿದೀನಿ, ನೀನು ನೆಲ ಗುಡಿಸ್ತಾ ಇದೀಯಲ್ಲ, ಮಾನ ಇದೆಯಾ ನಿಂಗೆ?"

ಆ ಮಾತು ಅವಳಿಗೆ ನಾಟಿತು. ಆದರೂ ಪೊರಕೆ ಕೆಳಗಿಡಲಿಲ್ಲ. "ಬೈಯಿರಿ ಭಾವ, ಎಷ್ಟು ಬೇಕಾದ್ರೂ ಬೈಯಿರಿ. ಒಂದು ತುಂಡು ಇನ್ನೂ ಸಿಕ್ಕಿಲ್ಲ. ಗೇಟು ಹಾಕಿದ್ರಾ ನೀವು ಬರ್ವಾಗ?"

ಗೇಟು ಹಾಕಿರಲಿಲ್ಲ. ಬಾಂಗನ ಬೈಕಿನ ಹಿಂದೆಯೇ ಓಡಿಬಂದಿದ್ದ ದೋಮ್ ಆಗಲೇ ಒಳಗೆ ನುಗ್ಗಿತ್ತು. ನೀರಿನ ದೊಡ್ಡ ಹಂಡೆಯ ಹಿಂದಿನ ಸಂದಿಗೆ ಮೂತಿ ತೂರಿಸಿ, ಏನನ್ನೋ ಕಚ್ಚಿ ಹಿಂದಕ್ಕೆ ಬಂದು, ಬಾಲ ಅಲ್ಲಾಡಿಸುತ್ತಾ ಅಗಿಯತೊಡಗಿತು.

ಮಿಯೆನ್ ಪೊರಕೆ ಬಿಸಾಕಿ ದೋಮ್ ಮೇಲೆ ಬಿದ್ದಳು. ಎರಡೂ ತೊಡೆಗಳ ನಡುವೆ ಅದರ ಮೈ ಅದುಮಿ ದವಡೆಗೆ ಬೆರಳು ಹಾಕಿದಳು. "ಮೇಲಿನ ದವಡೆ ಹಿಡೀರಿ ಭಾವ! ನುಂಗಿದ್ರೆ ಮುಗೀತು!"

ಅರವತ್ತೆಂಟರ ಬಾಂಗ್, ಮನೆತನದ ಹಿರಿಯ, ಒದ್ದೆ ಅಂಗಳದಲ್ಲಿ ಮೊಣಕಾಲೂರಿ ಬಿದ್ದ. ಎರಡೂ ಕೈಯಲ್ಲಿ ದೋಮ್ ದವಡೆ ಹಿಡಿದ. "ದೋಮ್, ಬಿಡೋ ಮಗನೇ, ಬಿಡೋ! ಮಿಯೆನ್, ತೆಗೀ ತಾಯಿ!"

"ಹಲ್ಲಿಗೆ ಸಿಕ್ಕಿದೆ, ಗಟ್ಟಿ ಹಿಡೀರಿ!"

"ಕಂಚು ಹಾಳಾಗಿ ಹೋಗ್ಲಿ ಮಾರಾಯ್ತಿ, ತೆಗೀ, ತೆಗೀ ಅದನ್ನ!"

ದೋಮ್ ಕಚ್ಚಿತು. ಮಿಯೆನಳ ಬೆರಳಿಂದ ರಕ್ತ ಸುರಿಯಿತು. ಆದರೂ ಕೈ ಹಿಂದಕ್ಕೆ ಎಳೆಯದೆ ಒಳಕ್ಕೇ ತೂರಿಸಿದಳು. ನಾಲಿಗೆಯ ಬುಡದಿಂದ ಮಾಂಸದ ತುಂಡು ಹೊರಬಂತು. ಹೊರಮೈ ಅಗಿದುಹೋಗಿತ್ತು, ನಡುವೆ ತುರುಕಿದ್ದ ವಿಷದ ಪೊಟ್ಟಣ ಮಾತ್ರ ಇನ್ನೂ ಒಡೆದಿರಲಿಲ್ಲ. ಲುವಾ ಕೊಡ ನೀರು ತಂದು ಮೂವರ ಮೇಲೂ ಸುರಿದಳು.

ದೋಮ್ ಸಂಜೆಯವರೆಗೆ ಬಾಂಗನ ಮಡಿಲಲ್ಲೇ ಇತ್ತು. ಅದರ ಹೊಟ್ಟೆ ಏರಿಳಿಯುವುದನ್ನು ನೋಡುತ್ತಾ ಅವನು ಅಲ್ಲೇ ಮೆಟ್ಟಿಲ ಮೇಲೆ ಕೂತಿದ್ದ. ಒಳಗೆ ಬರಿದಾದ ಪೀಠದ ಮೇಲೆ ಮಿಯೆನ್ ಗಾಜಿನ ಲೋಟಕ್ಕೆ ಅಕ್ಕಿ ತುಂಬಿ, ಬಟ್ಟೆ ಸುತ್ತಿದ ಕೈಯಲ್ಲೇ ಮೂರು ಊದುಬತ್ತಿ ಸಿಕ್ಕಿಸಿ ಹಚ್ಚಿದಳು. ಬಾಂಗ್ ಎದ್ದು ಬಂದು ಲೋಟದ ಮುಂದೆ ಕೈಮುಗಿದ. ತುಂಬ ಹೊತ್ತು ನಿಂತ. ಅಪ್ಪನಿಗೆ ಏನು ಹೇಳಿದನೋ ನಮಗೆ ಗೊತ್ತಿಲ್ಲ. ಆಮೇಲೆ ದೋಮ್‌ನನ್ನು ಎತ್ತಿಕೊಂಡು ಮನೆಗೆ ಹೋದ.

ಮರುದಿನ ಮಿಯೆನ್ ಎಡಗೈಯಿಂದ ತೋಫುವಿನ ಮೇಲೆ ಕಲ್ಲು ಹೇರುತ್ತಿದ್ದಾಗ ಗೇಟಿನ ಚಿಲಕ ಸದ್ದಾಯಿತು. ಬಾಂಗ್ ಒಳಗೆ ಬಂದು, ಗೇಟನ್ನು ಹಿಂದಿನಿಂದ ಸರಿಯಾಗಿ ಹಾಕಿದ. ಒಂದು ಕೈಯಲ್ಲಿ ಹಗ್ಗ ಕಟ್ಟಿದ ದೋಮ್, ಇನ್ನೊಂದರಲ್ಲಿ ಅವನು ದಿನಾ ಅನ್ನ ಉಣ್ಣುವ ಬಟ್ಟಲು.

"ಎಷ್ಟು ತಟ್ಟಬೇಕು?"

"ಮೂರು. ಆದ್ರೆ ಭಾವ, ಅದಕ್ಕೆ ಏಳು ವರ್ಷ ಆಯ್ತು. ಕಂಡದ್ದೆಲ್ಲಾ ತಿಂದು ಬೆಳೆದಿದೆ. ಒಂದು ವರ್ಷ ಹಿಡಿಯುತ್ತೆ, ಎರಡೂ ಹಿಡಿಯಬಹುದು."

"ಹಿಡೀಲಿ," ಎಂದು ಬಾಂಗ್ ಅಂಗಳದಲ್ಲಿ ಕುಕ್ಕರಗಾಲಲ್ಲಿ ಕೂತ. "ಪಿತ್ತ ಎಲ್ಲಿ ಸಿಗುತ್ತೆ ಹೇಳು."