ಕ್ವೀನ್ಸ್‌ಬರಿಗೆ ಎರಡೇ ಸ್ಟಾಪ್

ತಿಂಗಳಿಗೊಂದು ಶನಿವಾರ, ಕಡಲಾಚೆ ಬಂದು ನೆಲೆಸಿದ ನಾವು ಐದು ಜನ ಕನ್ನಡಿಗರು ಒಂದೆಡೆ ಕೂತು ಯುರೋಪಿನ ನಿರಂಕುಶ ದೊರೆಗಳ ಬಗ್ಗೆ ವಾದ ಮಾಡುತ್ತೇವೆ ಎಂದರೆ ನನ್ನ ಮಗಳು, "ಅಮ್ಮಾ, ವೈ?" ಎನ್ನುತ್ತಾಳೆ. ನನಗಾದರೂ ಏನು ಗೊತ್ತು? ವಾರವೆಲ್ಲ ಜನರ ಮಂಡಿನೋವು ಕೇಳುವ ಜಿಪಿ ಡಾಕ್ಟರು ನಾನು. ಒಂದು ದಿನವಾದರೂ ಮಂಡಿಯ ಸುದ್ದಿ ಬಿಟ್ಟು ಬೇರೇನಾದರೂ ಕೇಳೋಣ ಎಂದು ಆಸೆಪಟ್ಟು ಸೇರಿಕೊಂಡೆ. ಕೇಳಿದ್ದೂ ಆಯಿತು, ತಲೆ ಚಿಟ್ಟು ಹಿಡಿದದ್ದೂ ಆಯಿತು.

ಗುಂಪಿನ ಹಿರಿಯರು ಮೈಸೂರಿನವರು, ನಿವೃತ್ತ ಸರ್ಜನ್, ಸ್ಟ್ಯಾನ್ಮೋರಿನಲ್ಲಿ ದೊಡ್ಡ ಮನೆ. ಅವರು ಏನೆಂದರೂ ತಲೆಯಾಡಿಸಲು ಬೆಂಗಳೂರಿನ ಡಾಕ್ಟರ್ ದಂಪತಿ. ಧಾರವಾಡದ ನಾನು. ಐದನೆಯವರು ಉಡುಪಿ ಕಡೆಯ ಕ್ಯಾಥೊಲಿಕ್ ಹೆಂಗಸು, ಕ್ಯಾನರಿ ವಾರ್ಫಿನ ಬ್ಯಾಂಕೊಂದರಲ್ಲಿ ವಕೀಲೆ. ಗಂಡ ತೀರಿಕೊಂಡ ಮೇಲೆ ಕ್ವೀನ್ಸ್‌ಬರಿಯ ಫ್ಲಾಟಿನಲ್ಲಿ ಒಬ್ಬರೇ ಇದ್ದಾರೆ.

ನಮ್ಮ ಪದ್ಧತಿ ಸರಳ. ಯಾರು ವಿಷಯ ಮಂಡಿಸುತ್ತಾರೋ ಅವರ ಮನೆಯಲ್ಲೇ ಸಭೆ, ಅವರದೇ ಊಟ. ನನ್ನ ಮನೆಯಲ್ಲಿ ಆಯಿತು, ಬೆಂಗಳೂರಿನವರ ಮನೆಯಲ್ಲಿ ಆಯಿತು, ಸ್ಟ್ಯಾನ್ಮೋರಿನಲ್ಲಂತೂ ಲೆಕ್ಕವಿಲ್ಲ. ಉಡುಪಿಯವರ ಸರದಿ ಬಂದಾಗ ಮಾತ್ರ ಏನಾದರೊಂದು ಅಡ್ಡ ಬರುತ್ತಿತ್ತು. ಒಮ್ಮೆ ಹಿರಿಯರು ಅಲ್ಲಿ ಪಾರ್ಕಿಂಗ್ ಇಲ್ಲ ಎಂದರು. ಇನ್ನೊಮ್ಮೆ ಆಕೆಯ ಕಟ್ಟಡದ ಲಿಫ್ಟ್ ಕೆಟ್ಟಿದೆಯಂತೆ ಎಂದರು. ಆಕೆ ಇರುವುದು ಮೊದಲ ಮಹಡಿಯಲ್ಲಿ! ಸ್ಟ್ಯಾನ್ಮೋರಿನಿಂದ ಟ್ಯೂಬ್ ರೈಲಿನಲ್ಲಿ ಎರಡೇ ಸ್ಟಾಪ್. ಆ ಎರಡು ಸ್ಟಾಪ್ ದಾಟಲು ನಮ್ಮವರಿಗೆ ಎರಡು ವರ್ಷ ಸಾಲಲಿಲ್ಲ. ಆಕೆ ಪಾಪ ತಾನು ಬರೆದುಕೊಂಡದ್ದನ್ನು ಹಿಡಿದು ಪ್ರತಿಸಲ ಸ್ಟ್ಯಾನ್ಮೋರಿಗೇ ಬಂದು, ಹಿರಿಯರ ಸೋಫಾದಲ್ಲಿ ಕೂತು, ಹಿರಿಯರ ಮನೆಯ ಬಿಸಿಬೇಳೆ ಬಾತ್ ಉಂಡು ಹೋಗುತ್ತಿದ್ದರು.

ನಿಜವಾದ ಕಾರಣ ಎಲ್ಲರಿಗೂ ಗೊತ್ತಿತ್ತು. ಮೀನು ಬೇಯಿಸುವ ಅಡುಗೆಮನೆಯಲ್ಲಿ ನಮ್ಮ ಹಿರಿಯರು ನೀರನ್ನೂ ಮುಟ್ಟುವವರಲ್ಲ. ಅದನ್ನಾದರೂ ಬಾಯಿಬಿಟ್ಟು ಹೇಳುತ್ತಾರಾ? ಅದೂ ಇಲ್ಲ. ನಾನೇ ತಡೆಯಲಾರದೆ ಫೋನಿನಲ್ಲಿ ನೇರವಾಗಿ ಕೇಳಿದೆ. "ಅವರ ಮನ್ಯಾಗ ಉಣ್ಣಾಕ ನಿಮಗ ಏನ್ ಅಡ್ಡಿ ಐತ್ರೀ ಸರ್?"

"ಛೆ ಛೆ, ಎಂಥ ಮಾತಮ್ಮ! ಒಬ್ಬರೇ ಇರೋ ಹೆಂಗಸು, ಅವರಿಗ್ಯಾಕೆ ಸುಮ್ಮನೆ ತೊಂದರೆ ಕೊಡೋದು?"

ಈ "ತೊಂದರೆ" ಎಂಬ ಮಾತು ಕೇಳಿದರೆ ಈಗಲೂ ನನಗೆ ಮೈ ಉರಿಯುತ್ತದೆ. ಇದೇ ಮನುಷ್ಯ ಹಿಂದಿನ ತಿಂಗಳಷ್ಟೇ ಟೇಬಲ್ ಗುದ್ದಿ ಕೂಗಾಡಿದ್ದರು. ದೇಶ ದೊಡ್ಡದಾದಷ್ಟೂ ಅದನ್ನು ಆಳಲು ಭಯವೇ ಬೇಕಾಗುತ್ತದೆ, ಬಿಸಿಲಿನ ನಾಡಿನ ಜನ ಹುಟ್ಟಾ ಗುಲಾಮರು, ನಿರಂಕುಶ ಪ್ರಭುತ್ವ ಏಷ್ಯಾದ ಜಾಯಮಾನ ಎಂದು ಹಳೆಯ ಯುರೋಪಿನ ಪಂಡಿತರು ಬರೆದಿಟ್ಟಿದ್ದಾರಲ್ಲ, ಅದನ್ನು ಓದಿ ಅವರ ಮುಖ ಕೆಂಪಾಗಿತ್ತು. "ಇಡೀ ಒಂದು ಖಂಡದ ಜನರನ್ನ ಕಣ್ಣಲ್ಲಿ ನೋಡದೇ ಕೀಳು ಅಂತ ತೀರ್ಮಾನ ಮಾಡಿಬಿಡೋದಾ? ಎಷ್ಟು ಕೊಬ್ಬು!" ಎಂದರು. ಬೆಂಗಳೂರಿನ ದಂಪತಿ ತಲೆಯಾಡಿಸಿದರು. ಉಡುಪಿಯವರು ತಟ್ಟೆಯಲ್ಲಿದ್ದ ಹಪ್ಪಳ ಮುರಿಯುತ್ತಿದ್ದರು. ನನಗೆ ನಗಬೇಕೋ ಹಣೆ ಚಚ್ಚಿಕೊಳ್ಳಬೇಕೋ ತಿಳಿಯಲಿಲ್ಲ.

ಈ ವರ್ಷ ಉಡುಪಿಯವರ ಸರದಿ ಮತ್ತೆ ಬಂತು. ಈ ಸಲ ಆಕೆ ಕಾಯಲಿಲ್ಲ. ಗುಂಪಿಗೆ ತಾವೇ ಮೆಸೇಜು ಹಾಕಿದರು: ಸಭೆ ನನ್ನ ಮನೆಯಲ್ಲಿ, ಊಟವೂ ಇಲ್ಲೇ, ಆಗದಿದ್ದರೆ ಹೇಳಿಬಿಡಿ, ನಾನು ಗುಂಪು ಬಿಡುತ್ತೇನೆ. ಅರ್ಧ ದಿನ ಕಳೆಯಿತು. ಆಮೇಲೆ ಹಿರಿಯರಿಂದ ಒಂದು ಹೆಬ್ಬೆರಳಿನ ಚಿತ್ರ ಬಂತು. ಅದರ ಹಿಂದೆಯೇ ಬೆಂಗಳೂರಿನವರಿಂದ ಎರಡು.

ಕೈಜೋಡಿಸೋಣವೆಂದು ಆ ಶನಿವಾರ ನಾನು ಸ್ವಲ್ಪ ಮುಂಚೆಯೇ ಹೋದೆ. ಚಿಕ್ಕ ಫ್ಲಾಟು, ಅಚ್ಚುಕಟ್ಟು. ಒಲೆಯ ಮೇಲೆ ಹೊಚ್ಚ ಹೊಸ ಕಾವಲಿ. ಪಕ್ಕದಲ್ಲಿ ಹೊಸ ಪಾತ್ರೆ, ಹೊಸ ಸೌಟು.

"ಇದೆಲ್ಲಾ ಯಾಕ್ರೀ?" ಎಂದೆ.

"ಹಳೇ ಕಾವಲಿಯಲ್ಲಿ ಬಂಗುಡೆ ಮೀನು ಕಾಯಿಸಿದ್ದು ಉಂಟಲ್ಲ ಮಾರಾಯ್ರೆ. ಅವರಿಗೆ ಮನಸ್ಸಿಗೆ ಒಂಥರಾ ಆಗುವುದು ಬೇಡ. ಹೊಸತರಲ್ಲೇ ನೀರುದೋಸೆ ಮಾಡ್ತೇನೆ."

"ನಿಮಗೇನ್ ಹುಚ್ಚೇನ್ರೀ? ಇಷ್ಟೆಲ್ಲಾ ಯಾರ್ ಮಾಡ್ತಾರ?"

"ಒಮ್ಮೆ ನನ್ನ ಮನೆಯಲ್ಲಿ ಕೂತು ಉಣ್ಣಲಿ. ಅಷ್ಟು ಸಾಕು ನಂಗೆ," ಎಂದರು. ನನಗೆ ಅವರ ಮೇಲೂ ಸಿಟ್ಟು ಬಂತು. ತೆಂಗಿನಕಾಯಿ ತುರಿಯಲು ಕೂತೆ.

ಬೆಲ್ ಆಯಿತು. ಬಾಗಿಲು ತೆಗೆದರೆ ಹಿರಿಯರು ಮುಂದೆ, ಹಿಂದೆ ಬೆಂಗಳೂರಿನವರು ಇಬ್ಬರೂ ಕೈತುಂಬ ಫಾಯಿಲ್ ಟ್ರೇ ಹಿಡಿದು ನಿಂತಿದ್ದಾರೆ. ಅದೇ ರಸ್ತೆಯ ಸಸ್ಯಾಹಾರಿ ಅಂಗಡಿಯಿಂದ ಐದು ಜನಕ್ಕೆ ಊಟ ಕಟ್ಟಿಸಿಕೊಂಡು ಬಂದಿದ್ದರು. ತಟ್ಟೆ, ಚಮಚ, ನೀರಿನ ಬಾಟಲಿ ಸಮೇತ!

"ನಿಮಗೆ ತೊಂದರೆ ಆಗಬಾರದು ಅಂತ," ಎಂದು ಹಿರಿಯರು ತುಂಬ ಪ್ರೀತಿಯಿಂದ ನಕ್ಕರು.

ಅಯ್ಯೋ ದೇವರೇ ಎಂದುಕೊಂಡೆ. ಉಡುಪಿಯವರ ಕೈಯಲ್ಲಿ ಸೌಟು ಹಾಗೇ ಇತ್ತು. ಮನೆಯೆಲ್ಲ ದೋಸೆಯ ಪರಿಮಳ, ಮೇಜಿನ ಮೇಲೆ ಐದು ತಟ್ಟೆ ಇಟ್ಟಾಗಿದೆ. ಇವರು ಆ ತಟ್ಟೆಗಳನ್ನು ಪಕ್ಕಕ್ಕೆ ಸರಿಸಿ ಟ್ರೇ ಜೋಡಿಸತೊಡಗಿದರು.

ಆಕೆ ಅಳುತ್ತಾರೆ ಎಂದುಕೊಂಡಿದ್ದೆ. ಅಳಲಿಲ್ಲ. ಒಲೆ ಸಣ್ಣ ಮಾಡಿ ಬಂದು ಮೇಜಿನ ತುದಿಯಲ್ಲಿ ನಿಂತರು.

"ಇವತ್ತಿನ ವಿಷಯ ಮೊದಲು ಹೇಳಿಬಿಡ್ತೇನೆ ಡಾಕ್ಟ್ರೆ. ಹಿಂದೆ ಜರ್ಮನಿಯಲ್ಲಿ ಚಿಲ್ಲರೆ ಚಿಲ್ಲರೆ ರಾಜ್ಯಗಳು ಇದ್ದವಲ್ಲ, ಅವು ಹೊಡೆದಾಡಿ ಸುಸ್ತಾಗಿ ಒಂದು ಒಪ್ಪಂದ ಮಾಡಿಕೊಂಡವು. ನೆಲ ಯಾವ ದೊರೆಯದ್ದೋ ಅಲ್ಲಿ ಅವನ ಧರ್ಮವೇ ನಡೆಯುವುದು. ಒಪ್ಪದವರು ಗಂಟುಮೂಟೆ ಕಟ್ಟಿ ಹೋಗಬಹುದು. ಎರಡು ವರ್ಷ ನಾನು ಸ್ಟ್ಯಾನ್ಮೋರಿನಲ್ಲಿ ನಿಮ್ಮ ಧರ್ಮಕ್ಕೆ ತಲೆ ಬಗ್ಗಿಸಿದೆ. ಒಂದು ದಿನ ತಕರಾರು ಮಾಡಿದ್ದು ಉಂಟಾ?"

"ಅಲ್ಲಮ್ಮಾ, ಅದಕ್ಕೂ ಇದಕ್ಕೂ..."

"ಈ ಫ್ಲಾಟ್ ನನ್ನದು. ಈ ಬಾಗಿಲಿನೊಳಗೆ ನಾನು ಹೇಳಿದ್ದು ನಡೀತದೆ. ಆ ಟ್ರೇ ಹೊರಗೆ ಇಡಿ."

ಬೆಂಗಳೂರಿನವರು ಒಮ್ಮೆ ಹಿರಿಯರ ಮುಖ ನೋಡಿದರು, ಒಮ್ಮೆ ಆಕೆಯ ಮುಖ ನೋಡಿದರು. ಎಷ್ಟೋ ವರ್ಷದಿಂದ ಒಂದೇ ಕಡೆಗೆ ಆಡುತ್ತಿದ್ದ ಆ ತಲೆಗಳಿಗೆ ಯಾವ ಕಡೆ ಆಡಬೇಕೋ ತಿಳಿಯಲಿಲ್ಲ. ನನ್ನ ತಾಳ್ಮೆ ಕೆಟ್ಟು ಹೋಯಿತು. "ಸಾಕ್ ಮಾಡ್ರೀ ನಿಮ್ಮ ನಾಟಕಾ!" ಎಂದು ಟ್ರೇಗಳನ್ನು ನಾನೇ ಎತ್ತಿ ಹೊರಗೆ ಲಿಫ್ಟಿನ ಪಕ್ಕ ಇಟ್ಟು ಬಂದೆ. ಬರುವಷ್ಟರಲ್ಲಿ ದಂಪತಿ ಕುರ್ಚಿಯಲ್ಲಿ ಕೂತು ತಟ್ಟೆ ಎಳೆದುಕೊಂಡಿದ್ದರು. ದೋಸೆ ಬಿಸಿಯಾಗಿತ್ತು, ಹಸಿವು ಅವರಿಗೂ ಇತ್ತಲ್ಲ.

ಹಿರಿಯರು ಮಾತ್ರ ಕೋಟಿನ ಗುಂಡಿ ಹಾಕಿಕೊಂಡೇ ನಿಂತಿದ್ದರು. "ಇದು ಶುದ್ಧ ಸರ್ವಾಧಿಕಾರ ಕಣಮ್ಮಾ," ಎಂದರು.

"ಹೌದು ಡಾಕ್ಟ್ರೆ."

ಅವರು ಬಾಗಿಲ ಕಡೆ ನೋಡಿದರು. ಹೋಗುತ್ತಾರೆಂದೇ ನಾನು ತಿಳಿದೆ. ಉಡುಪಿಯವರೂ ಹಾಗೇ ತಿಳಿದಿರಬೇಕು. ಬೆಂಗಳೂರಿನವರು ತಟ್ಟೆಯಿಂದ ತಲೆಯೆತ್ತದೆ ತಿನ್ನುತ್ತಿದ್ದರು. ಕೊನೆಗೆ ಹಿರಿಯರು ಚಟ್ನಿಯ ಬಟ್ಟಲಿನ ಕಡೆ ಕೈ ತೋರಿಸಿ ಕೇಳಿದರು.

"ಚಟ್ನಿಗೆ ಬೆಳ್ಳುಳ್ಳಿ ಹಾಕಿದ್ದೀರಾ?"

"ಇಲ್ಲ."

"ಹಾಗಾದ್ರೆ ಒಂದು ದೋಸೆ ಕೊಡಿ. ಒಂದೇ ಸಾಕು."

ಸೋಲುವಾಗಲೂ ಷರತ್ತು ಹಾಕುವ ಜಾತಿ! ನನಗೆ ಬಾಯಿಗೆ ಬಂದದ್ದು ಬೈದುಬಿಡಬೇಕು ಅನ್ನಿಸಿತು. ಆಕೆ ಕೈಯಿಂದ ನನ್ನನ್ನು ತಡೆದರು. ಮುಖದಲ್ಲಿ ನಗು ಇರಲಿಲ್ಲ, ಸಿಟ್ಟೂ ಇರಲಿಲ್ಲ.

"ಮೊದಲು ಕೋಟು ತೆಗೆದು ಕೂತುಕೊಳ್ಳಿ ಡಾಕ್ಟ್ರೆ," ಎಂದರು. "ನಿಂತವರಿಗೆ ನಾನು ಬಡಿಸುವುದಿಲ್ಲ."

ಅವರು ಕೋಟು ತೆಗೆದು ಕೂತರು.