ಕಿಡಿಯಕ್ಕನ ಒಣಗಿದ ಕಲ್ಲುಗಳು

ಬೀದಿಯ ಜನ ಅವಳಿಗೆ ಕಿಡಿಯಕ್ಕ ಎಂದು ಹೆಸರಿಟ್ಟದ್ದು ಅರ್ಧ ಅವಳ ಕೆಲಸ ನೋಡಿ, ಅರ್ಧ ಅವಳ ಬಾಯಿ ಕೇಳಿ. ಎದುರಿಗೆ ಹಾಗೆ ಕರೆಯುವ ಧೈರ್ಯ ಯಾರಿಗೂ ಇರಲಿಲ್ಲ. ಒಮ್ಮೆ ಬಾಯಿತಪ್ಪಿ ಕರೆದ ಗಡಿಯಾರ ರಿಪೇರಿಯವನು ಆಮೇಲೆ ಬಹಳ ದಿನ ರಸ್ತೆಯ ಆಚೆ ಬದಿಯಲ್ಲೇ ಓಡಾಡಿಕೊಂಡಿದ್ದ.

ಅವಳ ಕೆಲಸದ ಕೋಣೆ ಮನೆಯ ಕೆಳಗಿತ್ತು. ಒಂದೇ ಕಿಟಕಿ, ಅದರ ಕೆಳಗೆ ಅಪ್ಪನ ಕಾಲದ ಮೋಟು ಮೇಜು, ಮೇಜಿನ ಅಂಚಿಗೆ ತೊಡೆಯ ಮೇಲೆ ಇಳಿಬಿಡುವ ಚರ್ಮದ ಹಾಸು. ಅಪ್ಪ ಅಕ್ಕಸಾಲಿಗ. ಅರ ಹಾಕಿದಾಗ ಉದುರುವ ಚಿನ್ನದ ಪುಡಿ ನೆಲಕ್ಕೆ ಬೀಳದಿರಲಿ ಎಂದು ಆ ಹಾಸು ಕಟ್ಟಿಸಿದ್ದ. ಈಗ ಅದರ ಮೇಲೆ ಬೀಳುತ್ತಿದ್ದದ್ದು ಕಲ್ಲಿನ ಪುಡಿ. ಕಿಡಿಯಕ್ಕ ಮಾಡುತ್ತಿದ್ದದ್ದು ಹೊಳೆಯ ಕಲ್ಲಿನ ಒಡವೆ. ಜೊತೆಗೆ ಗಾಳಿಗೆ ಬಿದ್ದ ಮರದ ಗಂಟು, ಯಾರೂ ತಿನ್ನದ ಕಾಡುಕಾಯಿಯ ಬೀಜ. ಕಟ್ಟುವುದಕ್ಕೆ ಮಾತ್ರ ಒಂದಿಷ್ಟು ಬೆಳ್ಳಿ. ಊರಿನ ಸುತ್ತ ನಡೆದು ಹೋಗಿ ಹೆಕ್ಕಿ ತರಲಾಗದ ಯಾವುದನ್ನೂ ಅವಳು ಆ ಬೆಳ್ಳಿಯೊಳಗೆ ಕೂರಿಸುತ್ತಿರಲಿಲ್ಲ.

ಕಲ್ಲು ಹೆಕ್ಕುವುದರಲ್ಲಿ ಹೊಸಬರೆಲ್ಲ ಒಂದೇ ತಪ್ಪು ಮಾಡುತ್ತಾರೆ. ನೀರೊಳಗೆ ಕೈಹಾಕಿ ತೆಗೆದ ಕಲ್ಲು ಒದ್ದೆಯಾಗಿ ಕೆಂಪು, ಹಸಿರು, ನೀಲಿ ಎಂದು ಕಣ್ಣು ಕುಕ್ಕುತ್ತದೆ. ಚೀಲ ತುಂಬಿಕೊಂಡು ಮನೆಗೆ ಬಂದರೆ ಅಷ್ಟು ಹೊತ್ತಿಗೆ ಒಣಗಿ, ಎಲ್ಲವೂ ಬೂದಿ ಬಳಿದುಕೊಂಡು ಕೂತಿರುತ್ತವೆ. ಕಿಡಿಯಕ್ಕನೂ ಮೊದಲ ವರ್ಷ ಹೀಗೆ ಮೂಟೆಗಟ್ಟಲೆ ಮೋಸ ಹೋಗಿದ್ದಳು. ಆಮೇಲೆ ತಂದದ್ದನ್ನೆಲ್ಲ ಮಾಳಿಗೆಯ ಮೇಲೆ ಬಿಸಿಲಿಗೆ ಹರವಿ, ಪೂರ್ತಿ ಒಣಗಿಸಿ, ಒಣಗಿದ ಮೇಲೂ ಏನೋ ಹೇಳುವಂತಿದ್ದ ನಾಲ್ಕೈದನ್ನು ಮಾತ್ರ ಉಳಿಸಿಕೊಂಡು ಮಿಕ್ಕಿದ್ದನ್ನು ಹೊಳೆಗೇ ವಾಪಸು ಹಾಕಿ ಬರತೊಡಗಿದಳು. ಆ ನಾಲ್ಕೈದನ್ನು ನೀರು ಮುಟ್ಟಿಸದೆ ಉಜ್ಜುಕಾಗದದಲ್ಲಿ ಉಜ್ಜಿ, ಬೆನ್ನು ತೆರೆದಿರುವ ಹಾಗೆ ಬೆಳ್ಳಿ ಕಟ್ಟುತ್ತಿದ್ದಳು. ಬೆನ್ನು ತೆರೆದಿದ್ದರೆ ಕಲ್ಲು ಮೈಗೆ ತಾಗುತ್ತದೆ. ಮೈಯ ಜಿಡ್ಡು ಕುಡಿಯುತ್ತಾ ಕುಡಿಯುತ್ತಾ, ವರ್ಷ ಎರಡು ವರ್ಷಕ್ಕೆ ಅದು ತನ್ನದೇ ಬಣ್ಣಕ್ಕೆ ತಿರುಗುತ್ತದೆ. ಆ ಬಣ್ಣ ಹಾಕಿಕೊಂಡವರದ್ದು, ಅಂಗಡಿಯಲ್ಲಿ ಸಿಗುವುದಿಲ್ಲ.

ಒಣಗಿದ ಕಲ್ಲನ್ನು ಒಣಗಿದ ಹಾಗೆಯೇ ಯಾರಾದರೂ ಮೆಚ್ಚಿ ಹಾಕಿಕೊಳ್ಳಬೇಕು. ಬದುಕಿನಲ್ಲಿ ಅವಳು ಬಯಸಿದ್ದು ಇಷ್ಟೇ. ಮದುವೆ ಬೇಡವೆಂದಳು, ಅಪ್ಪನ ಚಿನ್ನ ಬೇಡವೆಂದಳು, ಇದೊಂದನ್ನು ಬೇಡವೆನ್ನಲು ಅವಳಿಂದ ಆಗಲಿಲ್ಲ.

ಅಪ್ಪನಿಗೆ ಇದು ಹುಚ್ಚಾಗಿ ಕಂಡಿತು. ಅವಳು ಮಾಡಿದ ಮೊದಲ ಪದಕವನ್ನು ಕೈಯಲ್ಲಿ ಹಿಡಿದು, ಕನ್ನಡಕ ಹಣೆಗೇರಿಸಿ, ತಿರುಗಿಸಿ ನೋಡಿ, "ಕೆಲಸ ಚೆನ್ನಾಗಿದೆ" ಎಂದ. ಅವಳ ಮುಖ ಅರಳುವಷ್ಟರಲ್ಲಿ, "ಆದ್ರೆ ಹೊಳಪಿಲ್ಲವಲ್ಲಮ್ಮ. ಹೊಳೆಯದೇ ಇರೋದನ್ನ ಯಾರು ತಾನೇ ಕುತ್ತಿಗೆಗೆ ಹಾಕ್ಕೋತಾರೆ?" ಎಂದು ಸೇರಿಸಿದ. ಅವನು ಬೈದಿದ್ದರೆ ಅವಳು ಸಹಿಸುತ್ತಿದ್ದಳೇನೋ. ಅಷ್ಟು ಮೆಲ್ಲಗೆ, ಮಗುವಿಗೆ ಹೇಳುವ ಹಾಗೆ ಹೇಳಿದನಲ್ಲ, ಅದಕ್ಕೆ ಮೈಯೆಲ್ಲ ಉರಿದುಹೋಯಿತು. ಅಂದಿನಿಂದ ಅಪ್ಪ ಸಾಯುವವರೆಗೂ ಆ ಮೇಜಿನ ಎರಡು ಬದಿ ಇಬ್ಬರೂ ಕೂತು ಕೆಲಸ ಮಾಡಿದರು. ಬೇಕಾದಷ್ಟು ಮಾತಾಡಿದರು, ಇದೊಂದನ್ನು ಬಿಟ್ಟು.

ವರ್ಷಗಟ್ಟಲೆ ಯಾರೂ ಕೊಳ್ಳಲಿಲ್ಲ. ಶಾಲೆಯ ಟೀಚರುಗಳು ನೋಡಿ, "ಎಷ್ಟು ಸರಳವಾಗಿದೆ ಅಲ್ವಾ" ಎಂದು ಇಟ್ಟುಹೋದರು. ಸರಳ ಎಂಬ ಮಾತು ಕೇಳಿದರೆ ಈಗಲೂ ಕಿಡಿಯಕ್ಕನ ಕಿವಿ ಕೆಂಪಾಗುತ್ತದೆ. ಒಬ್ಬ ಗಿರಾಕಿಗೆ "ನಿಮ್ಮ ಮುಖಕ್ಕೆ ಈ ಕಲ್ಲು ದಂಡ" ಎಂದು ನೇರವಾಗಿಯೇ ಹೇಳಿಬಿಟ್ಟಳು. ಇದು ಹೀಗೆ ಆಗುವುದಲ್ಲ ಎಂದು ಕೊನೆಗೆ ತಂಗಿ ನಡುವೆ ಬಂದಳು. ತಂಗಿ ಮೃದು ಮಾತಿನವಳು, ನಗುಮುಖದವಳು, ಬಟ್ಟೆ ಅಂಗಡಿಯಲ್ಲಿ ಹತ್ತು ವರ್ಷ ಜನರನ್ನು ಕಂಡವಳು. ಬೀದಿಯ ಇನ್ನೊಂದು ತುದಿಯಲ್ಲಿ ಪುಟ್ಟ ಮಳಿಗೆ ಹಿಡಿದು, "ಅಕ್ಕ, ನೀನು ಮಾಡು, ನಾನು ಮಾರ್ತೀನಿ. ನೀನು ಮಾತ್ರ ಅಂಗಡಿ ಕಡೆ ತಲೆ ಹಾಕ್ಬೇಡ" ಎಂದಳು. ಕಿಡಿಯಕ್ಕನಿಗೂ ಅದೇ ಬೇಕಿತ್ತು. ಮುಗಿದ ಒಡವೆ ಕೈಬಿಟ್ಟ ಮೇಲೆ ಅದರ ಹಿಂದೆ ಹೋಗುವುದು ಅವಳ ಜಾಯಮಾನವಲ್ಲ. ಕೊಂಡಿ ಬಿಟ್ಟಿತು, ಕಟ್ಟು ಸಡಿಲವಾಯಿತು ಎಂದು ಬಂದದ್ದನ್ನೂ ತಂಗಿಯೇ ಪಕ್ಕದ ಬೀದಿಯಲ್ಲಿದ್ದ ಅಪ್ಪನ ಹಳೆಯ ಶಿಷ್ಯನ ಹತ್ತಿರ ರಿಪೇರಿ ಮಾಡಿಸುತ್ತಿದ್ದಳು.

ಅಪ್ಪ ತೀರಿಕೊಂಡ ವರ್ಷವೇ, ದೊಡ್ಡ ಊರಿನಲ್ಲಿ ನಡೆದ ಒಂದು ಪ್ರದರ್ಶನಕ್ಕೆ ತಂಗಿ ಎರಡು ಪೆಟ್ಟಿಗೆ ಒಡವೆ ತೆಗೆದುಕೊಂಡು ಹೋದಳು. ಬರುವಾಗ ಪೆಟ್ಟಿಗೆ ಖಾಲಿ. ಅಲ್ಲಿಂದ ಶುರುವಾದದ್ದು ನಿಲ್ಲಲೇ ಇಲ್ಲ. ಪತ್ರಿಕೆಯವರು ಬಂದರು, ಫೋಟೋ ಹಾಕಿದರು, "ಈಗಷ್ಟೇ ನೀರಿನಿಂದ ತೆಗೆದಂಥ ಕಲ್ಲುಗಳು" ಎಂದು ಬರೆದರು. ಕಿಡಿಯಕ್ಕ ಅದನ್ನು ಓದಿ, ಬರೆಯುವವರಿಗೆ ಹೀಗೆ ಉತ್ಪ್ರೇಕ್ಷೆ ಮಾಡುವ ಚಟ ಎಂದುಕೊಂಡಳು. ಒಳಗೊಳಗೇ ಹಿಗ್ಗಿಯೂ ಹಿಗ್ಗಿದಳು. ಕಲ್ಲು ಉಜ್ಜುವಾಗ ಎದುರಿನ ಖಾಲಿ ಜಾಗಕ್ಕೆ, "ನೋಡಿದ್ಯಾ ಅಪ್ಪ, ಯಾರು ಹಾಕ್ಕೋತಾರೆ ಅಂದ್ಯಲ್ಲ" ಎಂದು ಹೇಳುವುದು ಅಭ್ಯಾಸವೇ ಆಗಿಹೋಯಿತು. ಸತ್ತವನ ಜೊತೆ ಜಗಳವಾಡಿ ಅವಳು ಐದಾರು ವರ್ಷ ದಿನಾ ಗೆದ್ದಳು.

ಹೀಗಿರುವಾಗ ಒಂದು ಬೆಳಿಗ್ಗೆ ಹೊಲಿಗೆ ಕೆಲಸದ ಹೆಂಗಸೊಬ್ಬಳು ನೇರ ಅವಳ ಕೋಣೆಗೇ ಬಂದಳು. ಶಿಷ್ಯನ ಅಂಗಡಿ ಮುಚ್ಚಿತ್ತಂತೆ, ಅಲ್ಲಿ ಯಾರೋ ಈ ಬಾಗಿಲು ತೋರಿಸಿದರಂತೆ. ಕೊರಳಿಗೆ ಅಳತೆಯ ಟೇಪು ಹಾಗೇ ಇತ್ತು, ಕೈಯಲ್ಲಿ ಬಟ್ಟೆಚೂರಿನಲ್ಲಿ ಸುತ್ತಿದ ಪದಕ. ಸರದಿಂದ ಪದಕ ನೇತಾಡುವ ಬೆಳ್ಳಿ ಕೊಂಡಿ ತಿರುಚಿ ತಿರುಚಿ ತುಂಡಾಗಿತ್ತು.

"ಇದೇನ್ರೀ ಇದು? ಇದಕ್ಕೆ ಹಸು ಕಟ್ಟಿದ್ರಾ?"

"ಅಲ್ಲ, ಅದು..." ಹೊಲಿಗೆಯವಳು ಏನೋ ಹೇಳಹೊರಟು ಕಿಡಿಯಕ್ಕನ ಮುಖ ನೋಡಿ ನುಂಗಿಕೊಂಡಳು. "ಹೇಗೋ ಆಯ್ತು."

"ಹೇಗೋ ಆಗೋಕೆ ಅದೇನು ದಾರವಾ? ಇಟ್ಟು ಹೋಗಿ. ಮಧ್ಯಾಹ್ನ ಬನ್ನಿ."

ಸಣ್ಣ ಬೆಸುಗೆ, ಕಲ್ಲು ಬಿಚ್ಚಬೇಕಾದಷ್ಟು ಕೆಲಸವಲ್ಲ. ಕಲ್ಲಿನ ಹೊಳಪು ಮೈಯ ಜಿಡ್ಡಿನದ್ದೇ ಎಂದುಕೊಂಡು ಕಿಡಿಯಕ್ಕ ಅದಕ್ಕೆ ಒದ್ದೆ ಬಟ್ಟೆ ಸುತ್ತಿ, ಕೊಂಡಿಯ ಬುಡವನ್ನು ಮಾತ್ರ ಹೊರಗೆ ಬಿಟ್ಟು ಉರಿ ಹಿಡಿದಳು. ಬೆಳ್ಳಿ ಕಾಯುವ ಮೊದಲೇ ಮೂಗಿಗೆ ಘಾಟು ಹೊಡೆಯಿತು. ಬಟ್ಟೆ ಸರಿಸಿ ನೋಡಿದರೆ ಕಲ್ಲಿನ ಅಂಚಿನಲ್ಲಿ ಗುಳ್ಳೆ ಎದ್ದಿತ್ತು. ಕಲ್ಲಿಗೆ ಎಲ್ಲಾದರೂ ಗುಳ್ಳೆ ಏಳುತ್ತದೆಯೇ? ಉಗುರಿನಲ್ಲಿ ಕೆರೆದಳು. ಹಾಲಿನ ಕೆನೆಯ ಹಾಗೆ ತೆಳ್ಳಗಿನ ಒಂದು ಪೊರೆ ಎದ್ದು ಉಗುರಿಗೆ ಅಂಟಿಕೊಂಡಿತು. ವಾರ್ನಿಷ್. ಬಾಗಿಲಿಗೆ, ಕುರ್ಚಿಗೆ ಬಳಿಯುತ್ತಾರಲ್ಲ, ಅದೇ.

ಇದನ್ನು ಹೊಲಿಗೆಯವಳೇ ಬಳಿದುಕೊಂಡಿರಬೇಕು ಎಂದು ಒಂದು ಕ್ಷಣ ಅನ್ನಿಸಿತು. ಅಷ್ಟರಲ್ಲಿ ಪತ್ರಿಕೆಯ ಮಾತು ನೆನಪಾಯಿತು. ಈಗಷ್ಟೇ ನೀರಿನಿಂದ ತೆಗೆದಂಥ ಕಲ್ಲುಗಳು! ಬರೆದವನು ಉತ್ಪ್ರೇಕ್ಷೆ ಮಾಡಿರಲಿಲ್ಲ, ಕಂಡದ್ದನ್ನು ಕಂಡ ಹಾಗೆ ಬರೆದಿದ್ದ. ಉರಿ ಆರಿಸಿದ್ದೂ ಅವಳಿಗೆ ನೆನಪಿಲ್ಲ. ಒದ್ದೆ ಬಟ್ಟೆಯ ಸಮೇತ ಪದಕವನ್ನು ಮುಷ್ಟಿಯಲ್ಲಿ ಹಿಡಿದು, ಬರಿಗಾಲಲ್ಲಿ ಬೀದಿಗಿಳಿದಳು. ಗಡಿಯಾರದವನು ನೋಡಿ ತಲೆ ತಗ್ಗಿಸಿಕೊಂಡ.

ಅಂಗಡಿಯಲ್ಲಿ ತಂಗಿ ಒಬ್ಬಳೇ ಇದ್ದಳು. ಗಾಜಿನ ಕೆಳಗೆ ಸಾಲುಸಾಲಾಗಿ ಕಿಡಿಯಕ್ಕನ ಕಲ್ಲುಗಳು, ಒಂದೊಂದೂ ಜೊಲ್ಲು ಸುರಿಸಿಕೊಂಡ ಹಾಗೆ ಮಿರಮಿರ ಮಿಂಚುತ್ತಿದ್ದವು. ತಾನು ಮಾಡಿದ್ದು ತನಗೇ ಗುರುತು ಹತ್ತಲಿಲ್ಲ.

"ಇದೇನೇ ಇದು?"

"ಏನಕ್ಕ?"

"ಮೂಸಿ ನೋಡು."

ತಂಗಿ ಮೂಸಲಿಲ್ಲ. ಅವಳ ನಗು ಮುಖದಿಂದ ಇಳಿಯಿತು. "ಬಾಗಿಲು ಹಾಕ್ತೀನಿ ತಾಳು. ಜನ ನೋಡ್ತಾರೆ."

"ನೋಡ್ಲಿ! ಬಾಗಿಲಿಗೆ ಬಳಿಯೋದನ್ನ ನನ್ನ ಕಲ್ಲಿಗೆ ಬಳಿದಿದೀಯಲ್ಲ, ಅದನ್ನೂ ನೋಡ್ಲಿ! ಎಷ್ಟು ದಿನದಿಂದ?"

"ಮೊದಲ್ನಿಂದ" ಎಂದಳು ತಂಗಿ. "ಆ ಪ್ರದರ್ಶನದಿಂದ. ಬೆಳಿಗ್ಗೆಯಿಂದ ಒಂದೂ ಹೋಗಿರಲಿಲ್ಲ ಅಕ್ಕ. ಬರೋರು, 'ಓ, ಕಲ್ಲಾ' ಅನ್ನೋರು, ಹೋಗೋರು. ಪಕ್ಕದವನು ಮರದ ಬೊಂಬೆ ಮಾರ್ತಿದ್ದ, ಅವನ ಹತ್ರ ಒಂದು ಡಬ್ಬಿ ಇತ್ತು. ಒಂದೇ ಒಂದಕ್ಕೆ ಹಚ್ಚಿ ನೋಡೋಣ ಅಂತ ಹಚ್ಚಿದೆ. ಒಣಗಿಸಿ ಇಟ್ಟ ಕೂಡಲೇ ಹೋಯ್ತು. ಇನ್ನೊಂದಕ್ಕೆ ಹಚ್ಚಿದೆ, ಅದೂ ಹೋಯ್ತು."

"ನನಗ್ಯಾಕೆ ಹೇಳ್ಲಿಲ್ಲ?"

"ನೀನು ಹೇಳೋಕೆ ಬಿಟ್ಟಿದ್ಯಾ?" ಈಗ ತಂಗಿಯ ದನಿಯೂ ಏರಿತು. ಮೃದು ಮಾತಿನವಳ ಕೋಪ ಕಿಡಿಯಕ್ಕ ಮೊದಲ ಸಲ ಕಂಡದ್ದು. "ಯಾವತ್ತಾದ್ರೂ ಯಾರಿಗಾದ್ರೂ ನಿನಗೆ ಏನಾದ್ರೂ ಹೇಳೋಕಾಗಿದ್ಯಾ? ಅಪ್ಪ ಕೂಡ ಬೆಳಿಗ್ಗೆ ಕೆಳಗಿಳಿಯೋ ಮುಂಚೆ ನನ್ನ ಕೇಳ್ತಿದ್ರು, 'ಇವತ್ತು ಅವಳ ಮುಖ ಹೇಗಿದೆ' ಅಂತ. ನಿನಗೆ ಹೇಳೋದಕ್ಕಿಂತ ಡಬ್ಬಿ ತಂದು ಬಳಿಯೋದು ಸುಲಭ ಇತ್ತು. ಬಳಿದೆ."

"ನಾನು ಸಾಯೋವರೆಗೂ ಕಣ್ಣಿಗೆ ಮಣ್ಣೆರಚ್ತಾ ಇರ್ತಿದ್ಯಾ?"

"ನೀನು ಖುಷಿಯಾಗಿದ್ದೆ! ಹುಟ್ಟಿದಾಗಿನಿಂದ ಮೊದಲ ಸಲ ನೀನು ಖುಷಿಯಾಗಿದ್ದೆ ಅಕ್ಕ. ಅದನ್ನ ಹೇಗೆ ಹಾಳು ಮಾಡ್ಲಿ?"

ಈ ಮಾತು ಕಿಡಿಯಕ್ಕನಿಗೆ ಬೈಗುಳಕ್ಕಿಂತ ಹೆಚ್ಚು ತಾಗಿತು. ತನ್ನನ್ನು ಯಾರೋ ಖುಷಿಯಾಗಿಟ್ಟಿದ್ದರು, ಸಾಕಿದ ಗಿಳಿಗೆ ಕಾಳು ಹಾಕಿದ ಹಾಗೆ. ಅವಳು ಗೆದ್ದ ಜಗಳವೊಂದೂ ಜಗಳವೇ ಆಗಿರಲಿಲ್ಲ. "ಹಾಗಾದ್ರೆ ಅಪ್ಪ ಹೇಳಿದ್ದೇ ಸರಿ ಅನ್ನು" ಎಂದಳು. ತಂಗಿ ಇಲ್ಲ ಎನ್ನಬಹುದಿತ್ತು. ಎನ್ನಲಿಲ್ಲ.

ಕಿಡಿಯಕ್ಕ ಗಾಜಿನ ಬಾಗಿಲು ಎಳೆದಳು. ಸರ, ಪದಕ, ಉಂಗುರ ಕೈಗೆ ಸಿಕ್ಕಿದ್ದನ್ನೆಲ್ಲ ಬಾಚಿ ಕೆಲಸದ ಏಪ್ರನ್ನಿನ ಜೇಬಿಗೆ ತುಂಬತೊಡಗಿದಳು. "ಒಂದೊಂದನ್ನೂ ಥಿನ್ನರ್‌ನಲ್ಲಿ ಮುಳುಗಿಸಿ ತೊಳೀತೀನಿ. ಮಾರಿದ್ದನ್ನೂ ಹುಡುಕಿ ತಂದು ತೊಳೀತೀನಿ."

"ತೊಳಿ. ಆಮೇಲೆ ಅವನ್ನೂ ಮಾಳಿಗೆ ಮೇಲೆ ಹರವಿಕೊಂಡು ಕೂತ್ಕೋ. ಒಬ್ಬರು, ಒಬ್ಬರೇ ಒಬ್ಬರು ಒಣಕಲ್ಲು ಬೇಕು ಅಂತ ಬಂದ್ರೆ ನನ್ನ ಹೆಸರು ಬದಲಾಯಿಸ್ಕೋತೀನಿ."

ಬಾಗಿಲಲ್ಲಿ ಯಾರೋ ಕೆಮ್ಮಿದರು. ಹೊಲಿಗೆಯವಳು. ಗುಂಡಿ, ದಾರ ಕೊಂಡ ಪೊಟ್ಟಣ ಎದೆಗವಚಿಕೊಂಡು ನಿಂತಿದ್ದಳು. ಎಷ್ಟು ಕೇಳಿಸಿಕೊಂಡಳೋ, ಮುಖ ಬಿಳಿಚಿತ್ತು.

"ನೀವು ಈ ಕಡೆ ಓಡೋದು ನೋಡಿದೆ... ನನ್ನ ಪದಕದಿಂದ ಜಗಳ ಆಯ್ತಾ? ತಪ್ಪು ನಂದೇ. ಬೆಳಿಗ್ಗೆನೇ ಹೇಳ್ಬೇಕಿತ್ತು, ಬೈತೀರ ಅಂತ ಹೆದರಿದೆ. ಕೊಂಡಿ ನಾನೇ ಮುರಿದದ್ದು."

"ಹೇಗೆ?" ಎಂದಳು ಕಿಡಿಯಕ್ಕ, ಕೈ ಇನ್ನೂ ಗಾಜಿನೊಳಗೇ ಇತ್ತು.

"ದಿನಾ ತಿರುಗಿಸಿ ತಿರುಗಿಸಿ. ನಾನು ಅದನ್ನ ಹಿಂದುಮುಂದು ಮಾಡಿ ಹಾಕ್ಕೋತೀನಿ. ಅದು ಮತ್ತೆ ಮತ್ತೆ ಮುಂದಕ್ಕೇ ತಿರುಗೋದು, ನಾನು ಮತ್ತೆ ಹಿಂದಕ್ಕೆ ತಿರುಚೋದು."

"ಹಿಂದುಮುಂದಾಗಿ ಯಾಕೆ?"

ಹೊಲಿಗೆಯವಳು ತಂಗಿಯ ಕಡೆ ನೋಡಿದಳು, ನೆಲ ನೋಡಿದಳು. "ಬೇಜಾರು ಮಾಡ್ಕೋಬೇಡಿ. ಮುಂದುಗಡೆ ಪ್ಲಾಸ್ಟಿಕ್ ಥರ ಹೊಳೀತಿತ್ತು. ಮೊದಮೊದಲು ಸರಿಯಾಗೇ ಹಾಕ್ಕೋತಿದ್ದೆ, ಹಿಂದುಗಡೆ ಮಾತ್ರ ಮೈಗೆ ಉಜ್ಜಿ ಉಜ್ಜಿ ಆ ಹೊಳಪು ಕಿತ್ತುಹೋಯ್ತು. ಒಳಗೆ ಬೂದು ಬಣ್ಣ ಇತ್ತು. ಆಮೇಲೆ ಬರ್ತಾ ಬರ್ತಾ... ನೀವೇ ನೋಡಿ."

ಕಿಡಿಯಕ್ಕ ಮುಷ್ಟಿ ಬಿಚ್ಚಿ, ಒದ್ದೆ ಬಟ್ಟೆ ತೆಗೆದು, ಕೋಪದಲ್ಲಿ ಈವರೆಗೆ ತಿರುಗಿಸಿಯೇ ನೋಡದಿದ್ದ ಕಲ್ಲನ್ನು ಮಗುಚಿದಳು. ಅಂಚಿನಲ್ಲಷ್ಟೇ ವಾರ್ನಿಷ್‌ನ ಚಿಂದಿ ಉಳಿದಿತ್ತು. ನಡುವೆ ಕಲ್ಲು ಬಹಳ ವರ್ಷ ಬಳಸಿದ ಚಾಕುವಿನ ಹಿಡಿಯ ಹಾಗೆ ಕಪ್ಪುಗೆಂಪಾಗಿ ಮಾಗಿತ್ತು. ಅದರಲ್ಲಿ ಬಿಳಿಯ ಗೆರೆಯೊಂದು ತೇಲಿ ಬಂದಿತ್ತು. ಉಜ್ಜುವಾಗ ಅದು ಅವಳಿಗೂ ಕಂಡಿರಲಿಲ್ಲ. ತಂಗಿಯೂ ಇತ್ತ ಬಗ್ಗಿ ನೋಡಿದಳು.

"ಎಷ್ಟು ದಿನದಿಂದ ಹೀಗೆ ಹಾಕ್ಕೋತಿದೀರಿ?"

"ಮೂರು ವರ್ಷ ಆಗಿರ್ಬೇಕು."

"ಮೂರು ವರ್ಷ!" ಕಿಡಿಯಕ್ಕ ಕಿರುಚಿದ ಸದ್ದಿಗೆ ಹೊಲಿಗೆಯವಳು ಒಂದು ಹೆಜ್ಜೆ ಹಿಂದೆ ಸರಿದಳು. "ಮೂರು ವರ್ಷದಿಂದ ನಿಮಗೆ ಗೊತ್ತು, ಇದೇ ಊರಲ್ಲಿ ಓಡಾಡ್ತೀರ, ಒಂದು ದಿನ, ಒಂದೇ ಒಂದು ದಿನ ಬಂದು ಹೇಳೋಕಾಗ್ಲಿಲ್ವಾ? ನಾನೇನು ಹುಲಿಯಾ?" ಕಣ್ಣಲ್ಲಿ ನೀರು ತುಂಬಿದ್ದಕ್ಕೆ ಅವಳಿಗೆ ಇನ್ನಷ್ಟು ಸಿಟ್ಟು ಬಂತು. ಹೊಲಿಗೆಯವಳು ಆಗಲೇ ಹೊಸ್ತಿಲು ದಾಟಿದ್ದಳು.

ಕಿಡಿಯಕ್ಕ ಓಡಿಹೋಗಿ ಅವಳ ರಟ್ಟೆ ಹಿಡಿದು ಒಳಗೆ ಎಳೆತಂದು ಕುರ್ಚಿಯ ಮೇಲೆ ಕೂರಿಸಿದಳು.

"ಬಯ್ಯಲ್ಲ, ಬಣ್ಣ ತಿರುಗಿದ್ದು ಹೇಗೆ, ಹೇಳಿ" ಎಂದಳು, ಬೈಯುವ ದನಿಯಲ್ಲೇ.