ನಮ್ಮಂಥವರು ಎಷ್ಟು ಜನ

ಬಸ್ಸು ಹತ್ತಿದರೆ ಕಂಡಕ್ಟರುಗಳು ನನ್ನ ಜೊತೆ ಹಿಂದಿಯಲ್ಲೋ ಇಂಗ್ಲಿಷಿನಲ್ಲೋ ಮಾತು ಶುರು ಮಾಡುತ್ತಾರೆ. ಹೆಂಗಸರಿಗೆ ಟಿಕೆಟ್ ಉಚಿತವಾದ ಮೇಲಂತೂ ನನ್ನ ಫಜೀತಿ ಹೆಚ್ಚಾಗಿದೆ. ಒಮ್ಮೆ ಒಬ್ಬರು ತಲೆಯಿಂದ ಕಾಲಿನವರೆಗೆ ನೋಡಿ, "ಫಾರಿನರ್ಸ್‌ಗೆ ಫ್ರೀ ಇಲ್ಲ ಮೇಡಂ" ಅಂದರು. "ನಾನು ಹುಟ್ಟಿ ಬೆಳೆದಿದ್ದೆಲ್ಲ ರಾಜಾಜಿನಗರದಲ್ಲೇ ಅಣ್ಣ, ತಗೊಳಿ ಆಧಾರ್" ಎಂದು ಕಾರ್ಡು ಚಾಚಿದೆ. ಇಡೀ ಬಸ್ಸು ತಿರುಗಿ ನೋಡಿತು.

ನನ್ನ ಕೂದಲು, ಹುಬ್ಬು, ರೆಪ್ಪೆ ಎಲ್ಲ ಬಿಳಿ. ಮೈಗೆ ಬಣ್ಣ ಕೊಡುವ ವಸ್ತು ನನ್ನಲ್ಲಿ ಹುಟ್ಟಿನಿಂದಲೇ ಇಲ್ಲ. ಇದಕ್ಕೆ ಆಲ್ಬಿನಿಸಂ ಎನ್ನುತ್ತಾರೆ. ಬಿಸಿಲಿಗೆ ಚರ್ಮ ಸುಡುತ್ತದೆ, ದೂರದ್ದು ಸರಿಯಾಗಿ ಕಾಣುವುದಿಲ್ಲ, ಕಣ್ಣುಗುಡ್ಡೆಗಳು ಒಂದು ಕಡೆ ನಿಲ್ಲದೆ ಸದಾ ಅತ್ತಿತ್ತ ಅಲ್ಲಾಡುತ್ತವೆ. ವಿಜಯನಗರದ ಬ್ಯಾಂಕೊಂದರಲ್ಲಿ ಕೆಲಸ ಮಾಡುತ್ತೇನೆ; ಕಂಪ್ಯೂಟರಿನ ಅಕ್ಷರಗಳನ್ನು ದೊಡ್ಡದು ಮಾಡಿಕೊಂಡರೆ ನನ್ನ ಕೆಲಸಕ್ಕೆ ಏನೂ ತೊಂದರೆಯಿಲ್ಲ.

ಕಾಲೇಜಿನಲ್ಲಿದ್ದಾಗ ಒಮ್ಮೆ ಕಣ್ಣಿನ ಡಾಕ್ಟರನ್ನು ಕೇಳಿದ್ದೆ: "ನನ್ನಂಥವರು ಎಷ್ಟು ಜನ ಇದ್ದಾರೆ ಡಾಕ್ಟ್ರೇ?"

"ಇಡೀ ಪ್ರಪಂಚ ತಗೊಂಡ್ರೆ ಹೆಚ್ಚುಕಡಿಮೆ ಹದಿನೇಳು, ಹದಿನೆಂಟು ಸಾವಿರಕ್ಕೆ ಒಬ್ಬರು ಅಂತಾರಮ್ಮ. ಆಫ್ರಿಕಾದ ಕೆಲವು ಕಡೆ ಇನ್ನೂ ಜಾಸ್ತಿ, ಕೆಲವೇ ಸಾವಿರಕ್ಕೆ ಒಬ್ಬರು. ನಮ್ಮ ದೇಶದಲ್ಲಿ ಸರಿಯಾಗಿ ಲೆಕ್ಕ ಹಾಕಿದೋರು ಯಾರೂ ಇಲ್ಲ."

ಆ ಉತ್ತರ ಅವತ್ತಿನಿಂದ ನನ್ನನ್ನು ಸುಮ್ಮನೆ ಕೂರಲು ಬಿಟ್ಟಿಲ್ಲ. ಕೋಟಿ ದಾಟಿದ ಈ ಊರಿನಲ್ಲಿ ಹಾಗಾದರೆ ನಮ್ಮಂಥವರು ನೂರಾರು ಜನ ಇರಬೇಕು. ಅವರೆಲ್ಲ ಎಲ್ಲಿ? ಬಸ್ ಸ್ಟಾಪಿನಲ್ಲಿ, ಮೆಟ್ರೋದಲ್ಲಿ, ಮದುವೆ ಛತ್ರಗಳಲ್ಲಿ ಹುಡುಕುತ್ತಲೇ ಇದ್ದೆ. ಮಾಗಡಿ ರಸ್ತೆಯ ಜನದ ನಡುವೆ ಬಿಳಿ ತಲೆಯೊಂದು ಮಿಂಚಿದರೆ ಬಸ್ಸಿನಿಂದ ಇಳಿದುಬಿಡುತ್ತಿದ್ದೆ. ಓಡಿ ಹತ್ತಿರ ಹೋದರೆ ಯಾರೋ ಅಜ್ಜಿ! ನನ್ನ ದೃಷ್ಟಿಗೆ ಅಷ್ಟು ದೂರದಿಂದ ವಯಸ್ಸು ಗೊತ್ತಾಗುತ್ತಿರಲಿಲ್ಲ. ಹಾಗೆ ಇಳಿದುಬಿಟ್ಟು ಆಫೀಸಿಗೆ ತಡವಾಗಿ ಹೋದದ್ದೂ ಉಂಟು.

ಹೀಗಿರುವಾಗ ಒಂದು ಭಾನುವಾರ ಬೆಳಿಗ್ಗೆ ಬಸವೇಶ್ವರನಗರದ ನಮ್ಮ ಮನೆಗೆ ಪರಿಚಯವಿಲ್ಲದ ಗಂಡ ಹೆಂಡತಿ ಬಂದರು. ನನ್ನ ಉದ್ದ ತೋಳಿನ ಬ್ಲೌಸು ಹೊಲಿಯುವ ಟೈಲರ್ ಕಳಿಸಿದ್ದಂತೆ. ಅವನು ಗೂಡ್ಸ್ ಆಟೋ ಓಡಿಸುತ್ತಾನೆ, ಅವಳು ಕಾಮಾಕ್ಷಿಪಾಳ್ಯದ ಗಾರ್ಮೆಂಟ್ಸ್‌ನಲ್ಲಿ ಕೆಲಸ ಮಾಡುತ್ತಿದ್ದವಳು. ಅವಳ ತೋಳಲ್ಲಿ ಟವೆಲ್ಲಿನಲ್ಲಿ ಮುಖ ಮುಚ್ಚಿದ ಕೂಸು.

"ಅಕ್ಕ, ತಪ್ಪು ತಿಳ್ಕೋಬೇಡಿ. ನಿಮ್ಮನ್ನ ಒಂದ್ಸಲ ನೋಡ್ಕೊಂಡು ಹೋಗೋಣ ಅಂತ ಬಂದ್ವಿ" ಎಂದು ಅವಳು ಟವೆಲ್ ಸರಿಸಿದಳು.

ಹೆಣ್ಣುಕೂಸು. ಬೆಳ್ಳಗಿನ ರೆಪ್ಪೆ, ಬೆಳ್ಳಿ ಎಳೆಯಂಥ ಕೂದಲು, ನಿಲ್ಲದೆ ಅಲ್ಲಾಡುವ ಕಣ್ಣು. ಅಷ್ಟು ವರ್ಷ ಬೀದಿ ಬೀದಿ ಹುಡುಕಿದ್ದು ನಮ್ಮ ನಡುಮನೆಯ ಕುರ್ಚಿಯ ಮೇಲೆ ಬಂದು ಕೂತಿತ್ತು. ನನಗೆ ಖುಷಿಯಾಗಬೇಕಿತ್ತು. ಆದರೆ ಗಂಡ ನನ್ನ ಕೈ, ಕತ್ತು, ಕನ್ನಡಕ ಎಲ್ಲವನ್ನೂ ಅಳೆಯುವಂತೆ ನೋಡುತ್ತಿದ್ದ. ಮಗಳು ಮುಂದೆ ಹೇಗೆ ಕಾಣುತ್ತಾಳೆ ಎಂದು ಅವನು ನನ್ನಲ್ಲಿ ಹುಡುಕುತ್ತಿದ್ದಾನೆ ಅನ್ನಿಸಿ ಕಸಿವಿಸಿಯಾಯಿತು. ಎದ್ದು ಕಾಫಿ ಮಾಡಲು ಹೋದೆ. ಕಾಫಿ ಕೊಟ್ಟ ಮೇಲೂ ಕೂರಲಾಗದೆ ಕಿಟಕಿಯ ಹತ್ತಿರ ನಿಂತೆ.

"ಓದ್ತಾಳಾ ಅಕ್ಕ?" ಅವಳು ಕೇಳಿದಳು.

"ನಾನು ಓದ್ಲಿಲ್ವಾ? ಮುಂದಿನ ಬೆಂಚಲ್ಲಿ ಕೂರಿಸ್ಬೇಕು. ಟೋಪಿ, ಕನ್ನಡಕ, ಮೈಗೆ ಹಚ್ಚೋ ಕ್ರೀಮ್, ಇಷ್ಟು ತಪ್ಪಬಾರದು."

ನಿಧಾನವಾಗಿ ಅವಳು ಬಂದ ವಿಷಯ ಬಿಚ್ಚಿದಳು. ಅತ್ತೆ ಮಗುವನ್ನು ಮುಟ್ಟುತ್ತಿಲ್ಲ. ಬಸುರಿಯಿದ್ದಾಗ ಗ್ರಹಣದ ದಿನ ಫ್ಯಾಕ್ಟರಿಗೆ ಹೋದದ್ದರಿಂದಲೇ ಹೀಗಾಯಿತು ಎಂದು ದಿನವೂ ಅನ್ನುತ್ತಾರೆ. ನಾಮಕರಣಕ್ಕೂ ಒಪ್ಪುತ್ತಿಲ್ಲ. "ನೀವು ಒಂದ್ಸಲ ಬಂದು ಹೇಳಿದ್ರೆ ಕೇಳ್ತಾರೇನೋ. ಹೊರಗಿನೋರಲ್ಲ ನಮ್ಮತ್ತೆ, ನಮ್ಮಪ್ಪನ ಅಕ್ಕನೇ ಅವರು. ಆದ್ರೂ ಹಿಂಗೆ ಆಡ್ತಾರೆ."

ನನಗೆ ಹೋಗಲು ಇಷ್ಟವಿರಲಿಲ್ಲ. ಬೇರೆಯವರ ಮನೆಯಲ್ಲಿ ಮಾದರಿಯ ಹಾಗೆ ಹೋಗಿ ನಿಲ್ಲುವುದೇ? ಆ ವಾರವೆಲ್ಲ ಬ್ಯಾಂಕಿನಲ್ಲಿ ಮನಸ್ಸು ನಿಲ್ಲಲಿಲ್ಲ. ಹೇಳಬೇಕಾದ ಮಾತುಗಳನ್ನು ತಲೆಯಲ್ಲೇ ಜೋಡಿಸುವುದು, ಕೆಡವುವುದು. ಕೊನೆಗೆ ಮುಂದಿನ ಭಾನುವಾರ ಟೋಪಿ ಹಾಕಿಕೊಂಡು ಹೊರಟೇಬಿಟ್ಟೆ.

ವರ್ಕ್‌ಶಾಪುಗಳ ನಡುವಿನ ಓಣಿಯಲ್ಲಿ ಮೊದಲ ಮಹಡಿಯ ಮನೆ. ಅತ್ತೆ ಅವರೆಕಾಳು ಸುಲಿಯುತ್ತಾ ಕೂತಿದ್ದರು. ನನ್ನನ್ನು ನೋಡಿದ ಕೂಡಲೇ ಅವರ ಕೈ ನಿಂತಿತು. ಎಲ್ಲರೂ ನೋಡುವ ಹಾಗೆ ಬೆರಗಿನಿಂದ ನೋಡಲಿಲ್ಲ ಅವರು. ಹೆದರಿದ್ದರು.

ನಾನು ಕಲಿತುಕೊಂಡು ಹೋದದ್ದನ್ನು ಹೇಳತೊಡಗಿದೆ. "ಗ್ರಹಣದಿಂದ ಇದು ಬರಲ್ಲ ಅಮ್ಮ. ಯಾರಿಂದ್ಲೂ ಅಂಟಲ್ಲ. ಅಪ್ಪ ಅಮ್ಮ ಇಬ್ಬರ ಕಡೆಯಿಂದ್ಲೂ ಬರ್ಬೇಕು. ಎಷ್ಟೋ ಜನರ ರಕ್ತದಲ್ಲಿ ಇದು ಸುಮ್ನೆ ಇರುತ್ತೆ, ಹೊರಗೆ ಕಾಣೋದೇ ಇಲ್ಲ. ನಮ್ಮಪ್ಪ ನಮ್ಮಮ್ಮನ ಸೋದರಮಾವ. ಸಂಬಂಧದಲ್ಲೇ ಮದುವೆಯಾದ್ರೆ ಎರಡೂ ಕಡೆ ಸೇರೋದು ಜಾಸ್ತಿ. ನಿಮ್ಮ ಮನೆತನದಲ್ಲಿ ಹಿಂದೆ ಯಾರಾದ್ರೂ..."

"ಇದ್ಲು" ಅಂದರು ಅವರು.

ಸೊಸೆ ಅಡುಗೆಮನೆಯ ಬಾಗಿಲಲ್ಲಿ ಹಾಗೇ ನಿಂತಳು.

"ನನ್ನ ತಂಗಿ. ಹಿಂಗೇ ಇದ್ಲು, ನಿಮ್ಮ ಹಂಗೇ." ಅವರು ತಲೆಯೆತ್ತಲಿಲ್ಲ. "ಸ್ಕೂಲಿಗೆ ಕಳಿಸ್ಲಿಲ್ಲ. ನನ್ನನ್ನ ನೋಡೋಕೆ ಗಂಡಿನ ಕಡೆಯೋರು ಬಂದಾಗ ಹಿಂದಿನ ಕೋಣೆಗೆ ಹಾಕಿ ಚಿಲಕ ಹಾಕಿದ್ರು. ಕೂಗ್ಬೇಡ ಕಣೇ ಅಂತ ನಾನೇ ಬೇಡ್ಕೊಂಡೆ. ಕೂಗ್ಲಿಲ್ಲ ಪಾಪ. ಆಮೇಲೊಂದು ಮಳೆಗಾಲ ಜ್ವರ ಬಂತು. ಆಸ್ಪತ್ರೆಗೆ ಹೋದ್ರೆ ಜನ ನೋಡ್ತಾರೆ ಅಂತ ನಮ್ಮಪ್ಪ ಕರ್ಕೊಂಡೇ ಹೋಗ್ಲಿಲ್ಲ."

"ನಮ್ಮಪ್ಪಂಗೆ ಗೊತ್ತಿತ್ತಾ?" ಬಾಗಿಲಿನಿಂದಲೇ ಸೊಸೆ ಕೇಳಿದಳು.

"ನನ್ನ ತಮ್ಮನಲ್ವಾ, ಗೊತ್ತಿತ್ತು. ಯಾರಿಗೂ ಹೇಳ್ಬೇಡ ಅಂತ ನಾನೇ ಆಣೆ ಹಾಕಿಸ್ಕೊಂಡಿದ್ದೆ."

"ಗೊತ್ತಿದ್ದೂ ಗ್ರಹಣ ಗ್ರಹಣ ಅಂತ ನನ್ನನ್ನ ಅಂದ್ರಲ್ಲ ಅತ್ತೆ!"

ನನಗೆ ಅಲ್ಲಿಂದ ಎದ್ದು ಓಡಿಬಿಡಬೇಕು ಅನ್ನಿಸಿತು. ಅಷ್ಟರಲ್ಲಿ ಕೂಸು ಅತ್ತಿತು. ಸೊಸೆ ಕದಲಲಿಲ್ಲ. ಅತ್ತೆಯೇ ಮೊಣಕಾಲಿಗೆ ಕೈಕೊಟ್ಟು ಎದ್ದು ಹೋಗಿ, ಜೋಲಿಯಿಂದ ಮಗುವನ್ನು ಎತ್ತಿಕೊಂಡರು. ಎತ್ತಿಕೊಂಡವರು ಅದರ ಮುಖ ನೋಡುವ ಧೈರ್ಯವಿಲ್ಲದೆ ಗೋಡೆಯ ಕಡೆ ತಿರುಗಿ ನಿಂತರು.

ವಾಪಸ್ಸು ಬರುವಾಗ ಬಸ್ಸಿನಲ್ಲಿ ಕಾಲಿಡಲು ಜಾಗವಿರಲಿಲ್ಲ. ಇಷ್ಟು ಜನರಲ್ಲಿ ಒಬ್ಬರೋ ಇಬ್ಬರೋ ತಮಗೇ ಗೊತ್ತಿಲ್ಲದೆ ಇದನ್ನು ಹೊತ್ತು ನಿಂತಿರಬಹುದು ಅನ್ನಿಸಿತು. ಡಾಕ್ಟರು ಹೇಳಿದ ಲೆಕ್ಕದಲ್ಲಿ ಚಿಲಕ ಹಾಕಿದ ಕೋಣೆಯೊಳಗಿನ ಆ ಹುಡುಗಿ ಸೇರಿದ್ದಳೇ?

ನಾಮಕರಣ ನಡೆಯಿತು. ತಂಗಿಯ ಹೆಸರಿಡೋಣ ಎಂದು ಅತ್ತೆ ಕೇಳಿದರಂತೆ. "ಕತ್ಲಲ್ಲಿ ನೀವು ಕೂಡಿಹಾಕಿದ್ದೋಳ ಹೆಸರು ನನ್ನ ಮಗಳಿಗೆ ಬೇಡ" ಎಂದು ಸೊಸೆ ಖಡಾಖಂಡಿತವಾಗಿ ಹೇಳಿ ತನಗೆ ಬೇಕಾದ ಹೆಸರಿಟ್ಟಳು. ಅತ್ತೆ ಮುನಿಸಿಕೊಂಡು ನಂದಿನಿ ಲೇಔಟಿನ ದೊಡ್ಡ ಮಗನ ಮನೆಗೆ ಹೋದರು. ಕೆಲವು ತಿಂಗಳಾದ ಮೇಲೆ ತಾವಾಗಿಯೇ ಬಂದರು, ಕೈಯಲ್ಲಿ ಮಗುವಿಗೊಂದು ಅಗಲ ಅಂಚಿನ ಟೋಪಿ ಹಿಡಿದುಕೊಂಡು. ಅದು ಮಗುವಿನ ತಲೆಗೆ ತೀರಾ ದೊಡ್ಡದಾಗಿತ್ತು. ಅತ್ತೆ ಸೊಸೆ ಈಗಲೂ ಅಗತ್ಯವಿದ್ದಷ್ಟೇ ಮಾತಾಡುತ್ತಾರೆ.

ಮಗು ಈಗ ಎಲ್‌ಕೆಜಿಗೆ ಹೋಗುತ್ತಿದ್ದಾಳೆ. ನಾನು ರಜೆ ಇದ್ದಾಗ ಒಮ್ಮೊಮ್ಮೆ ಸ್ಕೂಲಿನಿಂದ ಕರೆತರಲು ಹೋಗುತ್ತೇನೆ. ಮೊನ್ನೆ ಗೇಟಿನ ಹತ್ತಿರ ಇನ್ನೊಂದು ಮಗುವಿನ ತಂದೆ ನಮ್ಮಿಬ್ಬರನ್ನೂ ನೋಡಿ ಕೇಳಿದರು: "ನಿಮ್ಮ ಮಗಳಾ ಮೇಡಂ?"

"ಅಲ್ಲ" ಅಂದೆ. ಹಾಗಂದ ಮೇಲೆ ಮನಸ್ಸು ಕೇಳಲಿಲ್ಲ. "ನೆಂಟರು ಸಾರ್" ಎಂದು ಸೇರಿಸಿದೆ.

ಅವಳು ನನ್ನ ಕೈ ಜಗ್ಗುತ್ತಾ, "ಬಿಸ್ಲು ಬರ್ತಾ ಇದೆ, ಬೇಗ ಬಾ" ಅಂದಳು. ಇಬ್ಬರೂ ಅಂಗಡಿಗಳ ನೆರಳು ಹಿಡಿದು ಬಿರಬಿರನೆ ಹೆಜ್ಜೆ ಹಾಕಿದೆವು.